ಆಚಾರ್ರೇ, ಒಂದು ಪ್ರಶ್ನೆ: ಅಟ್ಟದ ಪುಟ್ಟ ಫಿರಂಗಿಗೆ ಮರದ ಪೀಠ

ಪ್ರಶ್ನೆ: ಆಚಾರ್ರಿಗೆ ನಮಸ್ಕಾರ. ಮನೆಯ ಹಂಚು ತೆಗೆಸುವಾಗ ಅಟ್ಟದಲ್ಲಿ ಹಿತ್ತಾಳೆಯ ಒಂದು ಪುಟ್ಟ ಫಿರಂಗಿ ಸಿಕ್ಕಿತು. ಗಿಡ್ಡ ಜಾತಿಯದ್ದು. ಉದ್ದ 9 ಇಂಚು, ಹೊರಗಿನ ದಪ್ಪ 4 ಇಂಚು, ಬಾಯಿಯ ಅಗಲ 2 ಇಂಚು. ತೂಕ 13 ಕಿಲೋ ಚಿಲ್ಲರೆ. ಬಾಲದಿಂದ 2 ಇಂಚು ಬಿಟ್ಟು ಎರಡೂ ಬದಿಗೆ ಒಂದೊಂದು ಕಿವಿ ಚಾಚಿಕೊಂಡಿದೆ, ಇಂಚು ದಪ್ಪದ್ದು. ಬೇಕಲ ಕೋಟೆಯಿಂದ ಬಂದದ್ದು ಅಂತ ಅಜ್ಜಿ ಹೇಳುತ್ತಿದ್ದರಂತೆ. ಹುಣಸೆಹುಳಿ ಹಾಕಿ ತಿಕ್ಕಿ, ಚಾವಡಿಯಲ್ಲಿ ಇಡುವ ಆಸೆ. ಪೀಠಕ್ಕೆ ಯಾವ ಮರ? ಹೇಗೆ ಮಾಡಿಸಲಿ? – ಓದುಗರು, ಮುಳ್ಳೇರಿಯ

ಉತ್ತರ: ಮರದ ಮಾತು ಆಮೇಲೆ. ಮೊದಲು ಅದರ ಹೊಟ್ಟೆ ಖಾಲಿ ಇದೆಯಾ ನೋಡಬೇಕು.

ಕಡ್ಡಿ, ಸರಳು ಏನನ್ನೂ ಒಳಗೆ ತುರುಕಬೇಡಿ. ಬಿಸಿ ಮಾಡಬೇಡಿ, ತೂತು ಕೊರೆಯಬೇಡಿ. ಬಾಯಿಗೆ ನೇರ ಮುಖ ಒಡ್ಡದೆ, ಮೊಬೈಲು ಹಿಡಿದ ಕೈ ಮಾತ್ರ ಚಾಚಿ ಒಂದು ಫೋಟೋ ತೆಗೆಯಿರಿ. ತಳದ ಲೋಹ ಸ್ಪಷ್ಟವಾಗಿ ಕಂಡರೆ ಸರಿ. ಕಪ್ಪಗೆ ಗಟ್ಟಿ ಕಟ್ಟಿದ್ದು ಕಂಡರೆ, ಅಥವಾ ಸಂಶಯ ಬಂದರೂ ಸಾಕು, ಇದ್ದಲ್ಲೇ ಬಿಟ್ಟು ಪೊಲೀಸ್ ಠಾಣೆಗೆ ಫೋನ್ ಮಾಡಿ. ಬಾಂಬ್ ಸ್ಕ್ವಾಡಿನವರು ಬಂದು ನೋಡಲಿ. ಕರಿಮದ್ದಿಗೆ ವಯಸ್ಸಾಗುತ್ತದೆ, ಸಾವು ಬರುವುದಿಲ್ಲ. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಹಳೇ ಫಿರಂಗಿ ಗುಂಡನ್ನು ಶುಚಿ ಮಾಡುತ್ತಿದ್ದ ಸಂಗ್ರಾಹಕರೊಬ್ಬರು ಅದು ಸಿಡಿದು ಸತ್ತರು. ಗುಂಡು 1860ರ ದಶಕದ ಅಂತರ್ಯುದ್ಧದ್ದು. ಹೊಟ್ಟೆ ಖಾಲಿ ಇದ್ದರೂ ಠಾಣೆಗೆ ಒಮ್ಮೆ ಹೋಗಿ, ಇಂಥದ್ದು ಮನೆಯಲ್ಲಿ ಸಿಕ್ಕಿದೆ ಅಂತ ಬರೆದುಕೊಟ್ಟು ಬನ್ನಿ. ಮುಂದೆ ಯಾರೂ ಬೆರಳು ತೋರಿಸುವ ಹಾಗಿರಬಾರದು.

ಹುಣಸೆಹುಳಿ ಬೇಡವೇ ಬೇಡ. ಹಳೇ ಹಿತ್ತಾಳೆಯ ಕಂದು ಬಣ್ಣವೇ ಅದರ ವಯಸ್ಸಿನ ಗುರುತು. ಹುಳಿ ಅದನ್ನು ತಿಂದು ಹಾಕುತ್ತದೆ. ಸಣ್ಣ ಅಕ್ಷರವೋ ಮುದ್ರೆಯೋ ಇದ್ದರೆ ತಿಕ್ಕಿ ತಿಕ್ಕಿ ಅದೂ ಸವೆದು ಹೋಗುತ್ತದೆ. ಬೇಕಲದ ಕತೆ ನಿಜವೋ ಅಲ್ಲವೋ ಹೇಳುವುದಿದ್ದರೆ ಆ ಗುರುತೇ ಹೇಳಬೇಕು. ಒಣ ಬಟ್ಟೆಯಲ್ಲಿ ಒರೆಸಿ, ಅಷ್ಟು ಸಾಕು.

ನಿಮ್ಮದು ನಮ್ಮ ಜಾತ್ರೆಯಲ್ಲಿ ಸದ್ದಿಗೆ ಮದ್ದು ತುಂಬಿ ಹೊತ್ತಿಸುವ ಕದಿನ ಅಲ್ಲ. ಕದಿನಕ್ಕೆ ಕಿವಿ ಇರುವುದಿಲ್ಲ, ಅದು ಬಾಯಿ ಮೇಲೆ ಮಾಡಿ ನೆಲದ ಮೇಲೆ ನಿಲ್ಲುವಂಥದ್ದು. ಕಿವಿ ಇದೆ ಅಂದರೆ ಅದು ಪೀಠದ ಮೇಲೆ ಕೂರಲಿಕ್ಕೇ ಹುಟ್ಟಿದ್ದು. ಕೋಟೆಯ ಗೋಡೆ ದಾಟಿಸಿ ಗುಂಡು ಎಸೆಯುವ ಗಿಡ್ಡ ಫಿರಂಗಿಗಳ ರೀತಿಯೇ ಇದು. ಡಚ್ಚರ ಕೂಹೋರ್ನ್ ಎಂಬ ಎಂಜಿನಿಯರ್ 1674ರಲ್ಲಿ ಗ್ರಾವೆ ಎಂಬ ಊರಿನ ಮುತ್ತಿಗೆಯಲ್ಲಿ ಆಳುಗಳೇ ಹೊತ್ತೊಯ್ಯುವಷ್ಟು ಹಗುರದ ಗಿಡ್ಡ ಫಿರಂಗಿ ಬಳಸಿದ. ಆ ಜಾತಿಯದ್ದನ್ನು ದಪ್ಪ ಮರದ ದಿಮ್ಮಿಯ ಮೇಲೆ 45 ಡಿಗ್ರಿಗೆ ಕೂರಿಸುತ್ತಿದ್ದರು. ನಿಮ್ಮದನ್ನೂ ಅದೇ ಓರೆಯಲ್ಲಿ ಇಡಿ, ನೋಡಲು ಲಕ್ಷಣ.

ಮರಕ್ಕೆ ನನ್ನ ಮಾತು ಹಲಸು. ತೇಗ ಬೇಡ ಅಂತಲ್ಲ, ಆದರೆ ಹಿತ್ತಾಳೆಯ ಪಕ್ಕದಲ್ಲಿ ಹಲಸಿನಷ್ಟು ಚಂದ ಯಾವುದೂ ಕಾಣುವುದಿಲ್ಲ. ಹೊಸತರಲ್ಲಿ ಹಳದಿ, ವರ್ಷ ಕಳೆದಂತೆ ಜೇನು ಬಣ್ಣ, ಆಮೇಲೆ ಕಂದು. ಹೆಬ್ಬಲಸಾದರೂ ಆದೀತು. ಹೊರಗಿನ ಬಿಳಿ ಭಾಗ ಒಂದು ನೂಲಿನಷ್ಟೂ ಬೇಡ, ಹುಳು ಮೊದಲು ಬಾಯಿ ಹಾಕುವುದೇ ಅಲ್ಲಿ. ತಿರುಳೇ ಆಗಬೇಕು. ಹಂಚು ತೆಗೆಸಿದ್ದೀರಲ್ಲ, ಹಳೇ ಪಕ್ಕಾಸೋ ತೊಲೆಯೋ ಹಲಸಿನದ್ದಿದ್ದರೆ ಅದನ್ನೇ ಸೀಳಿಸಿ. ಅಷ್ಟು ಒಣಗಿದ ಮರ ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಮಿಲ್ಲಿಗೆ ಕೊಡುವ ಮೊದಲು ಹಳೇ ಮೊಳೆ ಎಲ್ಲಾ ಕಿತ್ತಿರಬೇಕು.

ಈಗ ಅಳತೆ. ಅಡಿಹಲಗೆ 16 ಇಂಚು ಉದ್ದ, 9 ಇಂಚು ಅಗಲ, 2 ಇಂಚು ದಪ್ಪ. ಅದರ ಮೇಲೆ ಎರಡು ಕೆನ್ನೆಹಲಗೆ, ಅವೂ 2 ಇಂಚು ದಪ್ಪ. ನಡುವೆ ನಾಲ್ಕೂಕಾಲು ಇಂಚು ಜಾಗ.

ಕೆನ್ನೆಯ ಎತ್ತರ ಎಷ್ಟು? ಇಲ್ಲಿಯೇ ಹೆಚ್ಚಿನವರು ಎಡವುವುದು. ಫಿರಂಗಿಯ ಹೊರದಪ್ಪ 4 ಇಂಚು, ಅರ್ಧ ಅಂದರೆ 2, ಹಾಗಾಗಿ ಎರಡೂವರೆ ಇಂಚು ಎತ್ತರ ಸಾಕು ಅಂತ ಲೆಕ್ಕ ಹಾಕುತ್ತಾರೆ. ಮಲಗಿಸಿದರೆ ಸರಿ. ಓರೆ ಮಾಡಿದ ಕೂಡಲೇ ಬಾಲದ ಮೂಲೆ ಕೆಳಗಿಳಿದು ಹಲಗೆಗೆ ತಾಗುತ್ತದೆ. ಒಂದು ದಾರ ತಗೊಂಡು ಕಿವಿಯ ನಡುವಿನಿಂದ ಬಾಲದ ಮೂಲೆಯವರೆಗೆ ಹಿಡಿದು ನೋಡಿ. ನಿಮ್ಮ ಅಳತೆಗೆ 3 ಇಂಚಿಗೆ ಸ್ವಲ್ಪವೇ ಕಡಿಮೆ ಬರುತ್ತದೆ. 45 ಡಿಗ್ರಿಯಲ್ಲಿ ಆ ಮೂಲೆ ಸರೀ ಕಿವಿಯ ಕೆಳಗೇ ಬಂದು ನಿಲ್ಲುತ್ತದೆ. ಹಾಗಾಗಿ ಕೆನ್ನೆಯ ಎತ್ತರ ಮೂರೂವರೆ ಇಂಚು ಇರಲಿ.

ಕಿವಿ ಕೂರುವ ಅರೆವೃತ್ತದ ಗುಣಿಯನ್ನು ಉಳಿಯಲ್ಲಿ ಕೆತ್ತಿ ಒದ್ದಾಡಬೇಡಿ. ಕೆನ್ನೆಗೆ ನಾಲ್ಕೂವರೆ ಇಂಚು ಅಗಲದ ಹಲಗೆ ತಗೊಳ್ಳಿ. ಎರಡನ್ನೂ ಜೋಡಿಸಿ ಕ್ಲ್ಯಾಂಪ್ ಬಿಗಿಯಿರಿ. ಮೂರೂವರೆ ಇಂಚಿನ ಗೆರೆಯ ಮೇಲೆ ಒಂದು ಇಂಚಿನ ತೂತನ್ನು ಎರಡಕ್ಕೂ ಒಟ್ಟಿಗೆ ಕೊರೆಯಿರಿ. ಆಮೇಲೆ ಆ ಗೆರೆಯ ಮೇಲೆ ಗರಗಸ ಹಾಕಿದರೆ ತೂತು ಅರ್ಧವಾಗುತ್ತದೆ. ಎರಡೂ ಬದಿಯ ಗುಣಿ ಒಂದೇ ಮಟ್ಟದಲ್ಲಿ ಬರುತ್ತದೆ, ಫಿರಂಗಿ ಒಂದು ಬದಿಗೆ ವಾಲುವುದಿಲ್ಲ. ಮರದ ಎಳೆ ಮಾತ್ರ ಮೂರೂ ಹಲಗೆಯಲ್ಲಿ ಉದ್ದಕ್ಕೇ, ಹಿಂದಿನಿಂದ ಮುಂದಕ್ಕೆ ಓಡಬೇಕು. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ. ಜುಲೈ–ಆಗಸ್ಟಿನ ಆಟಿ ತಿಂಗಳಲ್ಲಿ ಮರ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಉಬ್ಬುವುದು ಇಲ್ಲವೆನ್ನುವಷ್ಟು ಕಮ್ಮಿ. ಎಳೆ ಒಂದೇ ದಿಕ್ಕಿಗಿದ್ದರೆ ಮೂರೂ ಒಟ್ಟಿಗೆ ಉಬ್ಬಿ ಒಟ್ಟಿಗೆ ಇಳಿಯುತ್ತವೆ. ಅಡಿಯಲ್ಲಿ ಅಡ್ಡಪಟ್ಟಿ ಕೊಡುವುದಾದರೆ ಫೆವಿಕಾಲ್ ಬಳಿಯಬೇಡಿ. ಪಟ್ಟಿಯಲ್ಲಿ ಸ್ಕ್ರೂವಿನ ತೂತನ್ನು ಪಟ್ಟಿಯ ಉದ್ದಕ್ಕೇ ಸ್ವಲ್ಪ ಉದ್ದ ಮಾಡಿ, ವಾಷರ್ ಹಾಕಿ ಬಿಗಿಯಿರಿ. ಇಲ್ಲದಿದ್ದರೆ ಎರಡನೇ ಮಳೆಗಾಲಕ್ಕೆ ಹಲಗೆ ಟಪ್ ಅಂತ ಸೀಳುತ್ತದೆ.

ಭಾರ ಮರದ ಮೇಲೆ ಕೂರಬೇಕು, ಸ್ಕ್ರೂವಿಗೆ ನೇತಾಡಬಾರದು. ಕಿವಿ ಬಾಲದ ಹತ್ತಿರ ಇರುವುದರಿಂದ ತೂಕವೆಲ್ಲಾ ಮುಂದಕ್ಕೆ ಬರುತ್ತದೆ. ಆದ್ದರಿಂದ ಹೊಟ್ಟೆಯ ಕೆಳಗೆ, ಕಿವಿಗಿಂತ ಮುಂದೆ, 45 ಡಿಗ್ರಿಗೆ ಸೀಳಿದ ಒಂದು ದಿಂಡು ಕೊಡಿ. ಅದರ ಮೇಲ್ಮೈ ಫಿರಂಗಿಯ ಉರುಟಿಗೆ ಸರಿಯಾಗಿ ಹೊಂದಬೇಕು. ಸೀಮೆಸುಣ್ಣವನ್ನು ಲೋಹಕ್ಕೆ ಬಳಿದು ದಿಂಡಿಗೆ ಒತ್ತಿ ಎತ್ತಿ. ಬಿಳಿ ಹತ್ತಿದ ಜಾಗವನ್ನು ಮಾತ್ರ ಕೆತ್ತಿ. ಮತ್ತೆ ಬಳಿಯಿರಿ, ಮತ್ತೆ ಕೆತ್ತಿ. ತಾಳ್ಮೆಯ ಕೆಲಸ ಇದೊಂದೇ. ಆದರೆ ಪೀಠ ಒಳ್ಳೆಯದೋ ಸುಮ್ನೆ ಮಾಡಿದ್ದೋ ಅಂತ ಗೊತ್ತಾಗುವುದು ಇಲ್ಲೇ. ಕಿವಿಯ ಮೇಲೆ ಹಿತ್ತಾಳೆಯ ಪಟ್ಟಿ ಬಗ್ಗಿಸಿ ಹಾಕಿ, ಸ್ಕ್ರೂವೂ ಹಿತ್ತಾಳೆಯದ್ದೇ ಇರಲಿ. ಕಡಲ ಉಪ್ಪುಗಾಳಿಯಲ್ಲಿ ಹಿತ್ತಾಳೆಗೆ ತಾಗಿದ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ.

ಕೆಲಸ ದೀಪಾವಳಿ ಕಳೆದ ಮೇಲೆ ಶುರು ಮಾಡಿ, ಏಪ್ರಿಲ್ ನಡುವಿನ ಬಿಸು ಹಬ್ಬದ ಮೊದಲು ಮುಗಿಸಿ.

ಪ್ರಶ್ನೆ: ನಮ್ಮ ಊರಿನ ದೈವದ ನೇಮಕ್ಕೆ ಹೀಗೇ ಒಂದು ಪೀಠ ಮಾಡಿ, ಪುಟ್ಟ ಫಿರಂಗಿಯಲ್ಲಿ ಸದ್ದು ಮಾಡಿಸಬಹುದಾ? ಯುವಕರೆಲ್ಲ ಕೇಳುತ್ತಿದ್ದಾರೆ. – ಓದುಗರು, ಉಪ್ಪಳ

ಉತ್ತರ: ಬೇಡ. ನಾನು ಮೇಲೆ ಹೇಳಿದ್ದು ನೋಡಲು ಇಡುವ ಪೀಠ. ಮದ್ದು ಹೊತ್ತಿದಾಗ ಓರೆ ಕೂತ ಫಿರಂಗಿ ಹಿಂದಕ್ಕೂ ಕೆಳಕ್ಕೂ ಒದೆಯುತ್ತದೆ. ಆ ಪೆಟ್ಟು ಬೀಳುವುದು ಪೂರಾ ಕಿವಿಯ ಗುಣಿಗೆ. ಹಳೇ ಎರಕದ ಒಳಗೆ ಬಿರುಕು ಇದ್ದರೆ ಕಣ್ಣಿಗೆ ಕಾಣುವುದೂ ಇಲ್ಲ. ಮದ್ದಿನ ಕೆಲಸಕ್ಕೆ 1884ರ ಸ್ಫೋಟಕ ಕಾಯ್ದೆ ಇದೆ, 2008ರ ನಿಯಮಗಳಿವೆ, ಲೈಸೆನ್ಸು ಇದ್ದವರೇ ಮಾಡಬೇಕು. 2016ರ ಏಪ್ರಿಲ್ 10ರಂದು ಕೊಲ್ಲಂ ಜಿಲ್ಲೆಯ ಪರವೂರಿನ ಪುಟ್ಟಿಂಗಲ್‌ನಲ್ಲಿ ದೇವಸ್ಥಾನದ ಸಿಡಿಮದ್ದು ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅದು ದೂರದ್ದು ಅಂದರೆ, 2024ರ ಅಕ್ಟೋಬರ್ ಕೊನೆಗೆ ನಮ್ಮದೇ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ಕಳಿಯಾಟದ (ತೆಯ್ಯಂ ಉತ್ಸವದ) ರಾತ್ರಿ ಪಟಾಕಿ ದಾಸ್ತಾನಿಗೆ ಬೆಂಕಿ ಬಿತ್ತು. ನೂರಕ್ಕೂ ಹೆಚ್ಚು ಜನರಿಗೆ ಸುಟ್ಟ ಗಾಯ, ಕೆಲವರು ಉಳಿಯಲಿಲ್ಲ. ನೇಮಕ್ಕೆ ಚೆಂಡೆ ಇದೆ, ವಾದ್ಯ ಇದೆ. ಯುವಕರಿಗೆ ನೀವು ಹಿರಿಯರಾಗಿ ಗಟ್ಟಿಯಾಗಿ ಹೇಳಿ.

ಪ್ರಶ್ನೆ: ಆಚಾರ್ರೇ, ಮರದ ಪೀಠಕ್ಕೆ ಗೆದ್ದಲು ಬಾರದ ಹಾಗೆ ಏನು ಬಳಿಯಲಿ? ಪಾಲಿಶ್ ಯಾವುದು? – ಓದುಗರು, ಬದಿಯಡ್ಕ

ಉತ್ತರ: ಅಡಿಭಾಗಕ್ಕೆ ಮಾತ್ರ ಗೇರುಸಿಪ್ಪೆಯ ಎಣ್ಣೆ. ಗ್ಲೌಸ್ ಹಾಕಿಕೊಳ್ಳಿ, ಚರ್ಮಕ್ಕೆ ತಾಗಿದರೆ ಗುಳ್ಳೆ ಏಳುತ್ತದೆ. ನಾಲ್ಕು ಮೂಲೆಗೆ ಇಂಚು ಎತ್ತರದ ಕಾಲು ಕೊಟ್ಟರೆ ಕೆಳಗೆ ಗಾಳಿ ಆಡುತ್ತದೆ, ಗೆದ್ದಲಿನ ಮಣ್ಣು ಏರಿದರೆ ಗುಡಿಸುವಾಗಲೇ ಕಾಣುತ್ತದೆ. ಮೇಲ್ಭಾಗಕ್ಕೆ ಕಾಯಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ಎರಡು ಮೂರು ಸಲ ಹಚ್ಚಿ, ಪ್ರತಿ ಸಲ ಪೂರ್ತಿ ಒಣಗಲಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ. ಹೊರಗೆ ಹಗ್ಗದ ಮೇಲೆ ಬಿಡಿಸಿ ಹರವಿ, ಒಣಗಿ ಬಿರುಸಾದ ಮೇಲೆ ಬಿಸಾಡಿ.