ಸಂಪಾದಕರ ಉತ್ತರ: ಗರಗಸ ಕೆಳಗಿಡಿ, ಸ್ಪ್ಯಾನರ್ ಹಿಡಿಯಿರಿ

ಓದುಗರೊಬ್ಬರ ಪತ್ರದ ಸಾರಾಂಶ: “ನಮ್ಮ ಮಾವನವರು ಹೊಸದಾಗಿ ಕೊಂಡಿದ್ದ 1951ರ ಷೆವರ್ಲೆ 3100 ಪಿಕಪ್ ಈಗ ನನ್ನ ಪಾಲಿಗೆ ಬಂದಿದೆ. 11 ವರ್ಷಗಳಿಂದ ಶೆಡ್ಡಿನಲ್ಲೇ ನಿಂತಿದೆ. ಬಣ್ಣ, ಎಂಜಿನ್, ಸೀಟಿನ ಹೊದಿಕೆ ಎಲ್ಲವೂ ಕಾರ್ಖಾನೆಯಿಂದ ಬಂದವೇ. ಬಾಗಿಲಿನ ಮೇಲೆ ಮಾವನವರ ವ್ಯಾಪಾರದ ಹೆಸರನ್ನು ಕುಂಚದಿಂದ ಬರೆಸಿದ್ದಾರೆ. ಎಂಟು ಸಿಲಿಂಡರಿನ ವಿ8 ಎಂಜಿನ್, ಡಿಸ್ಕ್ ಬ್ರೇಕ್, ಎ.ಸಿ. ಹಾಕಿಸಿ ದಿನಾ ಓಡಿಸೋಣ ಎಂದು ಮಗ ಹಟ ಹಿಡಿದಿದ್ದಾನೆ. ಪೂರ್ತಿ ಬಿಚ್ಚಿ, ಹಳೆಯ ಬಣ್ಣ ಕೆರೆದು, ಶೋರೂಮಿನಿಂದ ಬಂದಂತೆ ಮಾಡಿಕೊಡುತ್ತೇನೆ ಎನ್ನುತ್ತಾರೆ ಪರಿಚಯದ ಮೆಕ್ಯಾನಿಕ್. ಮಾವನವರು ತಾವಾಗಿ ಸೇರಿಸಿದ ಎರಡನೆಯ ಹಿಂಬದಿ ದೀಪವನ್ನು ತೆಗೆಸಬೇಕೇ ಎಂಬುದೂ ತಿಳಿಯದು. ಯಾರ ಮಾತು ಕೇಳಲಿ?”

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಜೊತೆಗಿದ್ದ ಫೋಟೊಗಳನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಅವುಗಳಲ್ಲಿ ಒಂದರ ಮೇಲೆ ನನ್ನ ಕಣ್ಣು ನೆಟ್ಟಿದೆ. ಚಾಲಕನ ಬದಿಯ ಬಾಗಿಲಿನಲ್ಲಿ, ಕಿಟಕಿಯ ಅಂಚಿಗೆ, ಅಂಗೈಯಗಲದ ಜಾಗದಲ್ಲಿ ಹಸಿರು ಬಣ್ಣ ಸವೆದುಹೋಗಿದೆ. ಸುತ್ತ ಪ್ರೈಮರಿನ ತೆಳು ಅಂಚು, ನಡುವೆ ಬರಿಯ ತಗಡು. ತುಕ್ಕು ಹಿಡಿಯದೆ, ನುಣ್ಣಗೆ, ಕಂದುಬಣ್ಣಕ್ಕೆ ತಿರುಗಿದೆ. ನಿಮ್ಮ ಮಾವನವರು ವರ್ಷಗಟ್ಟಲೆ ಮೊಣಕೈ ಊರಿದ ಜಾಗ ಅದು. ಅದನ್ನು ಯಾವ ಪೇಂಟರ್ ಕೂಡ ಮತ್ತೆ ಮಾಡಿಕೊಡಲಾರ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಬಣ್ಣಕ್ಕೆ ಕೈ ಹಚ್ಚಬೇಡಿ. ಎಂಜಿನ್ ಇಳಿಸಬೇಡಿ. ಬ್ರೇಕನ್ನು ಮಾತ್ರ ತುದಿಯಿಂದ ಬುಡದವರೆಗೆ ಹೊಸದಾಗಿ ಮಾಡಿಸಿ. ಆಮೇಲೆ ಕೀಲಿಯನ್ನು ಮಗನ ಕೈಗೆ ಕೊಡಿ.

ಮಗನ ಆಸೆ ತಪ್ಪೆಂದು ನಾನು ಹೇಳುವುದಿಲ್ಲ. ಹಳೆಯ ಪಿಕಪ್ಪಿನ ಒಡಲಿಗೆ ಹೊಸ ಎಂಜಿನ್ ಕೂಡಿಸುವುದು ದೊಡ್ಡ ಕಸುಬು. ಅದರಲ್ಲಿ ಪಳಗಿದವರ ಕೈಚಳಕಕ್ಕೆ ತಲೆಬಾಗುವವನು ನಾನು. ಆದರೆ ಆ ಕಸುಬಿಗೆ ಬೇಕಾದ ವಾಹನಗಳು ಬೇರೆಯೇ ಇವೆ. ಎಂಜಿನ್ ಕಳೆದುಕೊಂಡವು, ನೆಲ ಕೊಳೆತವು, ನಾಲ್ಕು ಸಲ ಬಣ್ಣ ಕಂಡವು. 1947ರಿಂದ 1955ರ ಆರಂಭದವರೆಗೆ ಈ ಮಾದರಿಯ ವಾಹನಗಳು ಲಕ್ಷಗಟ್ಟಲೆ ತಯಾರಾದವು. ಅವುಗಳಲ್ಲಿ ಅರ್ಧ ಹಾಳಾದ ಒಂದನ್ನು ಹುಡುಕಿ ತಂದು ಮಗನಿಗೆ ಒಪ್ಪಿಸಿದರೆ ಅದು ಸಾಯುವ ವಾಹನಕ್ಕೆ ಜೀವ ಕೊಟ್ಟಂತೆ. ನಿಮ್ಮದು ಹಾಗಲ್ಲ. ಅದನ್ನು ಬದಲಾಯಿಸಬೇಕೆನಿಸಿದರೆ ನಾಳೆ ಬದಲಾಯಿಸಬಹುದು, ಹತ್ತು ವರ್ಷ ಬಿಟ್ಟು ಬದಲಾಯಿಸಬಹುದು. ಒಮ್ಮೆ ಬದಲಾಯಿಸಿದ ಮೇಲೆ ಮೂಲಕ್ಕೆ ಮರಳುವ ದಾರಿ ಇಲ್ಲ.

ಎಂಜಿನ್ ಬದಲಿಸುವುದೆಂದರೆ ಎಂಜಿನ್ ಒಂದನ್ನೇ ಬದಲಿಸುವುದು ಎಂದು ನಿಮ್ಮ ಮಗ ಎಣಿಸಿರಬಹುದು. ಈ ವಾಹನದಲ್ಲಿ ಹಾಗಾಗುವುದಿಲ್ಲ. ಅವನನ್ನು ಕರೆದುಕೊಂಡು ಹೋಗಿ ವಾಹನದ ಕೆಳಗೆ ಮಲಗಿ ನೋಡಿ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಅಚ್ಚಾದ ಆಕ್ಸಲ್‌ವರೆಗೆ ದಪ್ಪನೆಯ ಮುಚ್ಚಿದ ಕೊಳವೆಯೊಂದು ಕಾಣುತ್ತದೆ. ಅದು ಟಾರ್ಕ್ ಟ್ಯೂಬ್. ತಿರುಗುವ ಶಾಫ್ಟ್ ಅದರೊಳಗಿದೆ. ಚಕ್ರಗಳು ನೆಲವನ್ನು ಒದ್ದಾಗ ಹುಟ್ಟುವ ನೂಕು ಆ ಕೊಳವೆಯ ಮೂಲಕವೇ ವಾಹನಕ್ಕೆ ತಲುಪುತ್ತದೆ. ಹೊಸ ಗೇರ್‌ಬಾಕ್ಸ್ ಬಂದರೆ ಈ ಕೊಳವೆ ಅದಕ್ಕೆ ಕೂಡುವುದಿಲ್ಲ. ಕೊಳವೆ ಹೋದರೆ ಆಕ್ಸಲ್ ಹೋಗಬೇಕು. ಆಕ್ಸಲ್ ಹೋದರೆ ಸ್ಪ್ರಿಂಗ್ ಕೂರುವ ಜಾಗಗಳು ಬದಲಾಗಬೇಕು, ಆರು ಬೋಲ್ಟಿನ ಚಕ್ರಗಳು ಹೊಂದದೆ ಅವೂ ಹೋಗಬೇಕು. ಎಂಜಿನ್ ಕೂರಿಸಲು ಚಾಸಿಯ, ಅಂದರೆ ವಾಹನದ ಅಡಿಚೌಕಟ್ಟಿನ, ಅಡ್ಡಪಟ್ಟಿ ಕತ್ತರಿಸಬೇಕು. 6 ವೋಲ್ಟಿನ ಜಾಗದಲ್ಲಿ 12 ವೋಲ್ಟ್ ಬಂದರೆ ಸ್ಟಾರ್ಟರ್, ದೀಪ, ಮೀಟರುಗಳೆಲ್ಲ ಸರದಿಯಲ್ಲಿ ನಿಲ್ಲುತ್ತವೆ. ಒಂದು ಎಳೆ ಎಳೆದರೆ ಬಟ್ಟೆಯೇ ಬಿಚ್ಚಿಕೊಳ್ಳುವ ಬಗೆ ಇದು. ಕೊನೆಗೆ ಉಳಿಯುವುದು ಚಾಲಕ ಕೂರುವ ಕ್ಯಾಬು ಮತ್ತು ನಿಮ್ಮ ಮಾವನವರ ಹೆಸರು. ಆ ಹೆಸರಿನ ಕೆಳಗೆ ಓಡುವುದು ಇನ್ನಾವುದೋ ವಾಹನ.

ಈಗಿರುವ ಎಂಜಿನ್ ಬಗ್ಗೆಯೂ ಎರಡು ಮಾತು. ಆರು ಸಿಲಿಂಡರಿನ, 216 ಘನ ಇಂಚಿನ, 92 ಅಶ್ವಶಕ್ತಿಯ ಎಂಜಿನ್ ಅದು. ಅದರೊಳಗೆ ಪಿಸ್ಟನ್ನುಗಳನ್ನು ತಿರುಗುವ ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ಗಳ ಬೇರಿಂಗಿಗೆ ಎಣ್ಣೆ ಒತ್ತಡದಲ್ಲಿ ಹೋಗುವುದಿಲ್ಲ. ರಾಡಿನ ತಳದಲ್ಲಿರುವ ಪುಟ್ಟ ಸೌಟಿನಂಥ ಭಾಗ ಪ್ರತಿ ಸುತ್ತಿಗೂ ತೊಟ್ಟಿಯಲ್ಲಿ ಮುಳುಗಿ ಎಣ್ಣೆಯನ್ನು ಮೊಗೆದುಕೊಳ್ಳುತ್ತದೆ. ವೇಗ ಹೆಚ್ಚಿದಾಗ ಸಣ್ಣ ನಳಿಕೆಗಳು ಅದರತ್ತ ಎಣ್ಣೆ ಚಿಮ್ಮುತ್ತವೆ. ಬೇರಿಂಗ್ ಕೂಡ ಬ್ಯಾಬಿಟ್ ಎಂಬ ಮೆದು ಲೋಹವನ್ನು ರಾಡಿಗೇ ಎರಕ ಹೊಯ್ದು ಮಾಡಿದ್ದು. ಹಾಗಾಗಿ ಎಣ್ಣೆಯ ಒತ್ತಡ ತೋರಿಸುವ ಮೀಟರ್ ಚದರ ಇಂಚಿಗೆ 30 ಪೌಂಡಿಗೇ ಮುಗಿಯುತ್ತದೆ. ಮುಳ್ಳು ನಡುವಿನಲ್ಲಿ ನಿಂತರೆ ಎಂಜಿನ್ ಆರೋಗ್ಯವಾಗಿದೆ ಎಂದೇ ಅರ್ಥ. ಇಂದಿನ ವಾಹನಗಳನ್ನು ಕಂಡವರು ಅದನ್ನು ನೋಡಿ ಗಾಬರಿಯಾಗುತ್ತಾರೆ.

ಇಂಥ ಎಂಜಿನ್ನನ್ನು ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಚಚ್ಚಬಾರದು. ಹಿಂದಿನ ಆಕ್ಸಲ್ಲಿನ ಗೇರ್ ಅನುಪಾತ 4.11, ಅಂದರೆ ಚಕ್ರ ಒಂದು ಸುತ್ತು ತಿರುಗಲು ಶಾಫ್ಟ್ 4.11 ಸುತ್ತು ತಿರುಗಬೇಕು; ಆದ್ದರಿಂದ ಗಂಟೆಗೆ 60 ಮೈಲಿ, ಅಂದರೆ ಸುಮಾರು 96 ಕಿ.ಮೀ. ವೇಗಕ್ಕೆ ಅದು ನಿಮಿಷಕ್ಕೆ ಹತ್ತಿರ ಹತ್ತಿರ 3,000 ಸುತ್ತು ತಿರುಗುತ್ತದೆ. 70ರಿಂದ 75 ಕಿ.ಮೀ. ಅದರ ನೆಮ್ಮದಿಯ ವೇಗ. ಇಷ್ಟು ಸಾಲದು ಎನ್ನುವುದಾದರೆ ಅದೇ ಆಕ್ಸಲ್ಲಿನ ಒಳಗೆ 3.55 ಅನುಪಾತದ ಹಲ್ಲುಚಕ್ರಗಳನ್ನು ಕೂರಿಸಬಹುದು. ಎಂಜಿನ್ನಿಗೆ ಹೆಚ್ಚಿನ ಶ್ರಮವಿಲ್ಲದೆ ಗಂಟೆಗೆ ಹತ್ತು ಕಿಲೋಮೀಟರ್ ದಕ್ಕುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ತೆಗೆದ ಹಲ್ಲುಚಕ್ರಗಳಿಗೆ ಗ್ರೀಸ್ ಬಳಿದು, ಬಟ್ಟೆಯಲ್ಲಿ ಸುತ್ತಿ, ಚೀಟಿ ಅಂಟಿಸಿ ಎತ್ತಿಡಿ. ಮುಂದೆಂದಾದರೂ ಎಂಜಿನ್ ರಿಪೇರಿಗೆ ನಿಲುಕದಷ್ಟು ಕೆಟ್ಟರೆ, 1954ರ ಪಿಕಪ್ಪಿಗೆ ಬಂದ 235 ಘನ ಇಂಚಿನ ಎಂಜಿನ್ ಇದೇ ಜಾಗದಲ್ಲಿ ಚಾಸಿ ಕತ್ತರಿಸದೆ ಕೂರುತ್ತದೆ. ಅದರಲ್ಲಿ ರಾಡ್ ಬೇರಿಂಗಿಗೂ ಎಣ್ಣೆ ಒತ್ತಡದಲ್ಲೇ ಹೋಗುತ್ತದೆ. ಆಗಲೂ ಹಳೆಯದನ್ನು ಗುಜರಿಗೆ ಹಾಕಬೇಡಿ.

6 ವೋಲ್ಟನ್ನು ಎಲ್ಲರೂ ದೂರುತ್ತಾರೆ. ಅದರ ಪರವಾಗಿ ನಾನು ಗಟ್ಟಿಯಾಗಿಯೇ ಮಾತನಾಡುತ್ತೇನೆ. ಅಷ್ಟೇ ಕೆಲಸಕ್ಕೆ 6 ವೋಲ್ಟಿನ ತಂತಿಯಲ್ಲಿ 12 ವೋಲ್ಟಿನದಕ್ಕಿಂತ ಎರಡು ಪಟ್ಟು ಕರೆಂಟ್ ಹರಿಯಬೇಕು. ಅದಕ್ಕಾಗಿಯೇ ಕಾರ್ಖಾನೆಯವರು ಹೆಬ್ಬೆರಳು ಗಾತ್ರದ ಬ್ಯಾಟರಿ ಕೇಬಲ್ ಕೊಟ್ಟಿದ್ದರು. ಆಮೇಲೆ ಯಾರೋ ಅಂಗಡಿಯಲ್ಲಿ ಸಿಕ್ಕ ತೆಳು ಕೇಬಲ್ ಹಾಕುತ್ತಾರೆ. ಸ್ಟಾರ್ಟರ್ ನರಳುತ್ತದೆ. ಬೈಗುಳ ಪಾಪ 6 ವೋಲ್ಟಿಗೆ. ದಪ್ಪ ಕೇಬಲ್ ಹಾಕಿಸಿ. ಅರ್ತ್ ತಂತಿಗಳು ಚಾಸಿಗೂ ಎಂಜಿನ್ನಿಗೂ ಸೇರುವಲ್ಲಿ ತಗಡು ಹೊಳೆಯುವಂತೆ ಉಜ್ಜಿ ಬಿಗಿಯಿರಿ. ಎಂಜಿನ್ ಹೇಗೆ ಚಕ್ಕನೆ ತಿರುಗುತ್ತದೆಂದು ನೀವೇ ನೋಡುತ್ತೀರಿ.

ಬ್ರೇಕಿನ ವಿಷಯದಲ್ಲಿ ನಾನು ಮಗನ ಪಕ್ಷ. ಹಳೆಯದನ್ನು ಉಳಿಸುವ ಹೆಸರಿನಲ್ಲಿ ಜೀವವನ್ನು ಪಣಕ್ಕಿಡುವುದನ್ನು ನಾನು ಒಪ್ಪುವುದಿಲ್ಲ. ಆದರೆ ಡಿಸ್ಕ್ ಬ್ರೇಕೇ ಬೇಕೆಂದು ಮುಂದಿನ ಚಕ್ರಗಳ ಜೋಡಣೆಯನ್ನೆಲ್ಲ ಕಿತ್ತೆಸೆಯುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. 1951ರಲ್ಲಿ ಷೆವರ್ಲೆ ಈ ಪಿಕಪ್ಪಿಗೆ ಹಿಂದಿನದಕ್ಕಿಂತ ಉತ್ತಮವಾದ ಬೆಂಡಿಕ್ಸ್ ಡ್ರಮ್ ಬ್ರೇಕ್ ಕೊಟ್ಟಿತು. ಸರಿಯಾಗಿ ಹೊಂದಿಸಿದರೆ, ಈ ವಾಹನದ ತೂಕಕ್ಕೂ ವೇಗಕ್ಕೂ ಅದು ಸಾಕು. ಅಪಾಯ ಇರುವುದು ಬೇರೆ ಕಡೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. 11 ವರ್ಷ ನಿಂತ ಮೇಲೆ ಬ್ರೇಕ್ ಸಿಲಿಂಡರುಗಳ ಒಳಗೋಡೆ ತುಕ್ಕು ಹಿಡಿದು ಕುಳಿಬಿದ್ದಿರುತ್ತದೆ. ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ಎಣ್ಣೆಯನ್ನು ಹೋಗಗೊಟ್ಟು ಮರಳಗೊಡುವುದಿಲ್ಲ; ಪೆಡಲ್ ಬಿಟ್ಟರೂ ಚಕ್ರ ಹಿಡಿದೇ ಇರುತ್ತದೆ. ಇವೆಲ್ಲವೂ ಹೊಸದಾಗಬೇಕು: ನಾಲ್ಕೂ ವೀಲ್ ಸಿಲಿಂಡರ್, ಮೂರೂ ಹೋಸ್, ಲೋಹದ ಕೊಳವೆಗಳು, ಡ್ರಮ್ಮಿಗೆ ಉಜ್ಜಿ ಚಕ್ರವನ್ನು ನಿಲ್ಲಿಸುವ ಲೈನರ್. ಹಳೆಯ ಲೈನರಿನಲ್ಲಿ ಶ್ವಾಸಕೋಶಕ್ಕೆ ಕೇಡು ಮಾಡುವ ಕಲ್ನಾರು (ಆಸ್ಬೆಸ್ಟಾಸ್) ಇರುವುದರಿಂದ ಡ್ರಮ್ಮಿನ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಒಂದು ಬದಲಾವಣೆಯನ್ನು ಮಾತ್ರ ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳತ್ತ ನೂಕುವ ಈಗಿನ ಮಾಸ್ಟರ್ ಸಿಲಿಂಡರಿನಲ್ಲಿ ಒಂದೇ ಕೋಣೆ. ಎಲ್ಲೋ ಒಂದು ಕಡೆ ಸೋರಿದರೂ ನಾಲ್ಕೂ ಚಕ್ರಗಳ ಬ್ರೇಕ್ ಒಟ್ಟಿಗೆ ಕೈಕೊಡುತ್ತದೆ. ಅಮೆರಿಕದ ವಾಹನಗಳಲ್ಲಿ ಎರಡು ಕೋಣೆಯ ಸಿಲಿಂಡರ್ ಎಲ್ಲೆಡೆ ಬಂದದ್ದು 1967ರ ಸುಮಾರಿಗೆ. ಅಂಥದ್ದನ್ನು ನೆಲದಡಿಯಲ್ಲಿ ಹಳೆಯದರ ಜಾಗದಲ್ಲೇ ಬೋಲ್ಟಿನಿಂದ ಕೂರಿಸಬಹುದು. ಸೀಟ್ ಬೆಲ್ಟ್ ಕೂಡ ಬೇಕೇ ಬೇಕು. ಅದಕ್ಕಾಗಿ ನೆಲದಲ್ಲಿ ತೂತು ಕೊರೆಯಬೇಕಾಗುತ್ತದೆ, ಕೆಳಗಿನಿಂದ ದಪ್ಪ ತಗಡಿನ ಆಸರೆ ಕೊಡಬೇಕಾಗುತ್ತದೆ. ಕೊರೆಯಿರಿ. ನಾನು ಒಪ್ಪುವ ತೂತುಗಳು ಅವಷ್ಟೇ. ಪೆಟ್ರೋಲ್ ಟ್ಯಾಂಕ್ ಸೀಟಿನ ಬೆನ್ನಹಿಂದೆ, ಕ್ಯಾಬಿನೊಳಗೇ ಇದೆ ಎಂಬುದನ್ನು ಮರೆಯಬೇಡಿ. ಅದರ ರಬ್ಬರ್ ಕೊಳವೆಗಳನ್ನು ಮೊದಲ ದಿನವೇ ಬದಲಿಸಿ. ಟೈರಿನ ಮೇಲಿನ ಗೀರುಗಳು ಎಷ್ಟೇ ಆಳವಿದ್ದರೂ ವಯಸ್ಸಾದ ಟೈರನ್ನು ನಂಬಬೇಡಿ.

ಎ.ಸಿ.ಯ ಬಗ್ಗೆ ಹೆಚ್ಚು ಬರೆಯಲಾರೆ. 6 ವೋಲ್ಟಿನ ಡೈನಮೊ ಅದರ ಫ್ಯಾನನ್ನೂ ಹೊರಲಾರದು. 1951ರಲ್ಲೇ ಈ ಮಾದರಿಯ ಬಾಗಿಲುಗಳಿಗೆ ತಿರುಗಿಸಬಲ್ಲ ಮುಂಗಿಟಕಿ ಬಂತು. ಅದನ್ನು ಮುಂದಕ್ಕೆ ತೆರೆದರೆ ಓಡುವಾಗ ಗಾಳಿ ನೇರ ಎದೆಗೇ ಬೀಸುತ್ತದೆ.

ಇನ್ನು ನಿಮ್ಮ ಮೆಕ್ಯಾನಿಕ್ಕಿನ ಸಲಹೆ. ಅವರ ಒಳ್ಳೆಯ ಮನಸ್ಸಿನ ಬಗ್ಗೆ ನನಗೆ ಅನುಮಾನವಿಲ್ಲ. ಬಹಳ ಕಾಲ ನಾವೆಲ್ಲರೂ ಹಾಗೆಯೇ ಯೋಚಿಸಿದವರು: ಹಳೆಯದೆಂದರೆ ಹೊಸದಾಗಿ ಹೊಳೆಯಬೇಕು. ಆ ನೋಟ ಈಗ ಬದಲಾಗಿದೆ. ಸಿಂಗಾರಗೊಂಡ ವಾಹನಗಳಿಗೇ ಹೆಸರಾದ ಅಮೆರಿಕದ ಪೆಬಲ್ ಬೀಚ್ ಪ್ರದರ್ಶನದಲ್ಲಿ 2001ರಿಂದ ಮರುಸಜ್ಜುಗೊಳಿಸದ ವಾಹನಗಳಿಗೆಂದೇ ಒಂದು ವಿಭಾಗವಿದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಒಪ್ಪಿಕೊಂಡ ಟ್ಯೂರಿನ್ ಸನ್ನದು ಹೇಳುವುದೂ ಇದನ್ನೇ: ಆದಷ್ಟು ಉಳಿಸಿ, ಮಾಡಿದ್ದನ್ನು ದಾಖಲಿಸಿ.

ನಾನು ಇದನ್ನು ಕಲಿತದ್ದು ಮಾತ್ರ ಯಾವ ಸನ್ನದಿನಿಂದಲೂ ಅಲ್ಲ. ಹಿಂದೊಮ್ಮೆ ಇಂಥದ್ದೇ ಒಂದು ಪಿಕಪ್ಪಿನ ಸೀಟನ್ನು ಎತ್ತಿದಾಗ, ಕೆಳಗಿನ ತಗಡಿನ ಮೇಲೆ ಹಳದಿ ಮೇಣದ ಪೆನ್ಸಿಲಿನಿಂದ ಬರೆದ ಒಂದು ಅಂಕಿ, ಅದರ ಪಕ್ಕ ಒಂದು ಗೀಟು ಕಂಡಿತು. ಕೊಳೆ ಎಂದುಕೊಂಡೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಎರಡು ಸಲ ಎಳೆದೆ, ಹೋಯಿತು. ಜೋಡಣೆಯ ಸಾಲಿನಲ್ಲಿ ನಿಂತ ಕೆಲಸಗಾರರು ಹಾಕುತ್ತಿದ್ದ ಗುರುತು ಅದು ಎಂದು ತಿಳಿದದ್ದು ಆಮೇಲೆ. ಹೆಸರೂ ಉಳಿಯದ ಒಬ್ಬ ಮನುಷ್ಯನ ಕೈಬರಹ ಅಷ್ಟು ವರ್ಷ ಕಾದು ಕುಳಿತಿತ್ತು. ಅದನ್ನು ಅಳಿಸಿದ ಕೈ ನನ್ನದು. ಇಂದಿಗೂ ಆ ಬಟ್ಟೆಯ ಮೇಲಿನ ಹಳದಿ ಕಲೆ ನನ್ನ ಕಣ್ಣ ಮುಂದಿದೆ.

ಆದ್ದರಿಂದ ಬಣ್ಣ ತೊಳೆಯುವಾಗ ನಿಧಾನ. ಮೊದಲು ಬಾಗಿಲಿನ ಒಳಮಗ್ಗುಲಲ್ಲಿ ಎರಡು ಬೆರಳಗಲ ಜಾಗ ಆರಿಸಿ, ಮೆದು ಸೋಪಿನ ನೀರಿನಿಂದ ಪರೀಕ್ಷಿಸಿ. ಬಿಳಿ ಬಟ್ಟೆಗೆ ಹಸಿರು ಹತ್ತಿದರೆ ಬಣ್ಣವೇ ಬರುತ್ತಿದೆ ಎಂದರ್ಥ, ಅಲ್ಲಿಗೆ ನಿಲ್ಲಿಸಿ. ಪಾಲಿಷ್ ಪೇಸ್ಟ್ ಬೇಡವೇ ಬೇಡ. ಆ ಕಾಲದ ಎನಾಮಲ್ಲಿನ ಮೇಲೆ ಪಾರದರ್ಶಕ ಪದರವಿರುವುದಿಲ್ಲ, ಉಜ್ಜಿದಷ್ಟೂ ಬಣ್ಣವೇ ಸವೆಯುತ್ತದೆ. ಅಂಚುಗಳಲ್ಲಿ ಪ್ರೈಮರ್ ಇಣುಕಲು ಹೆಚ್ಚು ಹೊತ್ತು ಬೇಕಿಲ್ಲ. ಬಾಗಿಲಿನ ಅಕ್ಷರಗಳ ಹತ್ತಿರ ತಿನ್ನರ್, ಪೆಟ್ರೋಲ್ ಸುಳಿಯಕೂಡದು. ಕುಂಚದವನು ಕೊಂಬು ಎಳೆಯುವಾಗ ಕೈ ಎತ್ತಿದ ಗುರುತು ನಿಮ್ಮ ಫೋಟೊದಲ್ಲೇ ಕಾಣುತ್ತದೆ. ಕೊನೆಗೆ ಮೇಣದ ತೆಳುಲೇಪ ಸಾಕು.

ತುಕ್ಕಿನಲ್ಲಿ ಎರಡು ಜಾತಿ. ಮೇಲ್ಮೈಯಲ್ಲಿ ಕಂದಾಗಿ ಕೂತದ್ದು ಸುಮ್ಮನಿರುತ್ತದೆ. ಕ್ಯಾಬಿನ ಹಿಂದಿನ ಮೂಲೆಗಳಲ್ಲಿ, ಬಾಗಿಲ ಕಂಬದ ತಳದಲ್ಲಿ ಮಣ್ಣು ತುಂಬಿ ಒಳಗಿನಿಂದ ತಿನ್ನುವುದು ಸುಮ್ಮನಿರುವುದಿಲ್ಲ. ಅಲ್ಲಿನ ಮಣ್ಣನ್ನು ಕೈಯಿಂದ ಬಗೆದು, ಒಣಗಿಸಿ, ಒಳಕ್ಕೆ ಮೇಣದ ಎಣ್ಣೆ ಸಿಂಪಡಿಸಿ. ತಳಕ್ಕೆ ಡಾಂಬರಿನಂಥ ದಪ್ಪ ಲೇಪ ಬಳಿಯುವವರಿಂದ ದೂರವಿರಿ. ಅದು ತೇವವನ್ನು ಒಳಗೇ ಕೂಡಿಹಾಕುತ್ತದೆ.

ಎರಡನೆಯ ದೀಪವನ್ನು ತೆಗೆಯಬೇಡಿ. ಕಾರ್ಖಾನೆ ಹಿಂದುಗಡೆ ಎಡಕ್ಕೆ ಒಂದೇ ದೀಪ ಕೊಟ್ಟಿತ್ತು, ನಿಜ. ಕತ್ತಲಲ್ಲಿ ಹಿಂದಿನಿಂದ ಬರುವವರಿಗೆ ವಾಹನದ ಅಗಲ ತಿಳಿಯಲೆಂದು ನಿಮ್ಮ ಮಾವನವರು ಇನ್ನೊಂದನ್ನು ಸೇರಿಸಿದರು. ಅದು ಈ ವಾಹನದ ಬಾಳಿನ ಭಾಗ, ಬಾಗಿಲಿನ ಮೊಣಕೈ ಗುರುತಿನಷ್ಟೇ ಸಾಚಾ. ಅದನ್ನು ಕಿತ್ತು ‘ಕಾರ್ಖಾನೆಯಂತೆ’ ಮಾಡಿದರೆ ನೀವು ಉಳಿಸುವುದು ಯಾವುದೋ ಕ್ಯಾಟಲಾಗಿನ ಚಿತ್ರವನ್ನು.

ಈಗ ಮಾಡಬೇಕಾದ್ದು ಇಷ್ಟು. ಆತುರಪಟ್ಟು ಸ್ಟಾರ್ಟ್ ಮಾಡಬೇಡಿ. ಹಳೆಯ ಪೆಟ್ರೋಲನ್ನೂ ಎಂಜಿನ್ ಎಣ್ಣೆಯನ್ನೂ ಇಳಿಸಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆರೂ ರಂಧ್ರಗಳಿಗೆ ಒಂದೊಂದು ಚಮಚ ತೆಳು ಎಣ್ಣೆ ಬಿಟ್ಟು ಎರಡು ದಿನ ಬಿಡಿ. ಮೂರನೆಯ ಗೇರಿಗೆ ಹಾಕಿ, ತಾಯಿ ಮಗ ಇಬ್ಬರೂ ಸೇರಿ ವಾಹನವನ್ನು ಮೆಲ್ಲಗೆ ಹಿಂದೆ ಮುಂದೆ ತಳ್ಳಿ. ಎಂಜಿನ್ ತಿರುಗಿದರೆ ಹೊಸ ಎಣ್ಣೆ ತುಂಬಿ ಮುಂದಿನ ಕೆಲಸ. ಬಿಚ್ಚುವ ಮೊದಲು ಪ್ರತಿ ಮೂಲೆಯ ಫೋಟೊ ತೆಗೆಯಿರಿ. ತೆಗೆದ ಪ್ರತಿ ಭಾಗಕ್ಕೂ ಚೀಟಿ ಕಟ್ಟಿ, ಒಂದೇ ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆ ವಾಹನದ ಜೊತೆಗೇ ಇರಲಿ. ಈ ಕೆಲಸವನ್ನೆಲ್ಲ ಮಗನಿಂದಲೇ ಮಾಡಿಸಿ.

ಸೀಟನ್ನು ಎತ್ತುವ ದಿನ ಕೈಯಲ್ಲಿ ಬಟ್ಟೆ ಹಿಡಿಯಬೇಡಿ, ಟಾರ್ಚ್ ಹಿಡಿಯಿರಿ. ಅಲ್ಲಿ ಏನು ಕಂಡಿತೆಂದು ನನಗೆ ಬರೆಯಿರಿ.

— ಸಂಪಾದಕ