ವಿಮಾನದ ಚಕ್ರಕ್ಕೆ ಯಾವ ಕ್ಯಾಪ್? ಮೊದಲು ಚಕ್ರದ ನಂಬರ್ ಓದಿ

ಬ್ರೇಕ್ ಬಗ್ಗೆ ಯಾರೂ ಕೇಳುವುದಿಲ್ಲ. ಟೈರಿನ ಗಾಳಿ ಬಗ್ಗೆ ಕೇಳುವುದಿಲ್ಲ. ಹಬ್ ಕ್ಯಾಪ್, ಅಂದರೆ ಚಕ್ರದ ನಡುವಿನ ಮುಚ್ಚಳ, ಅದರ ಬಗ್ಗೆ ಮಾತ್ರ ಮೇಲಿಂದ ಮೇಲೆ ಪ್ರಶ್ನೆ. ಹೊರಗೆ ಕಾಣುತ್ತದೆ, ಹೊಳೆಯುತ್ತದೆ, ಅದಕ್ಕೇ ಇರಬೇಕು. ಈ ಸಲ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಬರೆದುಬಿಡುತ್ತೇನೆ. ಇನ್ನು ಯಾರು ಕೇಳಿದರೂ ಇದನ್ನೇ ತೋರಿಸುತ್ತೇನೆ.

ಪ್ರಶ್ನೆ: ಮೂವರು ಗೆಳೆಯರು ಸೇರಿ ಹಳೆಯ ಸೆಸ್ನಾ 172 ವಿಮಾನ ತಗೊಂಡಿದ್ದೇವೆ ಸರ್. ಹಿಂದಿನ ಎರಡು ಚಕ್ರಗಳಲ್ಲಿ ಒಂದರ ಹಬ್ ಕ್ಯಾಪ್ ನೆಗ್ಗಿದೆ, ಇನ್ನೊಂದಕ್ಕೆ ಕ್ಯಾಪೇ ಇಲ್ಲ. ಇಲ್ಲಿ ಬೆಂಗಳೂರು ರಸ್ತೆಯ ಅಂಗಡಿಯೊಂದರಲ್ಲಿ ಕಾರಿನ ಕ್ರೋಮ್ ಕ್ಯಾಪ್ ತೋರಿಸಿದರು. ಅಳತೆ ಸರಿಯಾಗಿ ಕೂರುತ್ತದೆ. ಹಾಕಬಹುದಾ? ಬೇಡ ಅಂದರೆ ಸೆಸ್ನಾ 172ಕ್ಕೆ ಯಾವ ಕ್ಯಾಪ್ ತರಿಸಬೇಕು? (ಬಳ್ಳಾರಿಯ ಓದುಗರು)

ಹಾಕಬಾರದು. ಅಂಗಡಿಯವರನ್ನು ಬೈಯುವುದಿಲ್ಲ, ಅವರು ಮಾರುವುದೇ ಕಾರಿನ ಸಾಮಾನು. ವಿಮಾನ ತಗೊಂಡು ಅಲ್ಲಿಗೆ ಹೋದವರು ನೀವು.

ನಿಮ್ಮ ಎರಡನೇ ಪ್ರಶ್ನೆಯೂ ತಪ್ಪೇ. 'ಸೆಸ್ನಾ 172ರ ಕ್ಯಾಪ್' ಅಂತ ಒಂದೇ ಒಂದು ಕ್ಯಾಪ್ ಇಲ್ಲ. ಈ ವಿಮಾನ ಮಾರುಕಟ್ಟೆಗೆ ಬಂದದ್ದು 1956ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಕ್ಲೀವ್‌ಲ್ಯಾಂಡ್ ಬ್ರ್ಯಾಂಡಿನ ಚಕ್ರವೂ ಬಂದಿದೆ, ಮೆಕಾಲೆ ಬ್ರ್ಯಾಂಡಿನ ಚಕ್ರವೂ ಬಂದಿದೆ. ಎರಡಕ್ಕೂ ಟೈರ್ ಅದೇ 6.00-6 ಅಳತೆಯದು, ಆದರೆ ಕ್ಯಾಪ್ ಬೇರೆ ಬೇರೆ. ನಿಮ್ಮದು ಹಳೆಯ ವಿಮಾನ ಬೇರೆ. ನಡುವೆ ಯಾರು ಯಾವ ಚಕ್ರ ಬದಲಿಸಿದ್ದಾರೋ! ಒಂದು ಬಟ್ಟೆ, ಒಂದು ಟಾರ್ಚ್ ತಗೊಂಡು ಚಕ್ರದ ಪಕ್ಕ ಕೂತುಕೊಳ್ಳಿ. ರಿಮ್ ಒರೆಸಿದರೆ ನಂಬರ್ ಸಿಗುತ್ತದೆ. ಕ್ಲೀವ್‌ಲ್ಯಾಂಡ್ ಆದರೆ 40 ಅಂತ ಶುರುವಾಗುತ್ತದೆ. 30 ಅಂತ ಶುರುವಾದರೆ ನೀವು ಓದುತ್ತಿರುವುದು ಬ್ರೇಕಿನ ನಂಬರ್, ಇನ್ನೊಮ್ಮೆ ಹುಡುಕಿ. ಆ ನಂಬರ್ ಹಿಡಿದು ಪಾರ್ಟ್ಸ್ ಕ್ಯಾಟಲಾಗ್ ನೋಡಿದರೆ ಕ್ಯಾಪಿನ ನಂಬರ್ ಅಲ್ಲೇ ಇರುತ್ತದೆ.

ಕ್ಯಾಪಿನ ಜೊತೆ, ಅದು ಅಸಲಿ ವಿಮಾನದ ಸಾಮಾನೇ ಅನ್ನುವ ಕಾಗದವೂ ಬರಬೇಕು. ಅಮೆರಿಕದಿಂದ ಬಂದರೆ ಎಫ್‌ಎಎ 8130-3 ಟ್ಯಾಗ್, ಯುರೋಪಿನಿಂದ ಬಂದರೆ ಈಸಾ ಫಾರ್ಮ್ 1. 'ಕಾಗದ ಆಮೇಲೆ ಕಳಿಸ್ತೀವಿ' ಅನ್ನುವವರ ಹತ್ತಿರ ತಗೊಳ್ಳಲೇಬೇಡಿ. ಸ್ಕ್ರೂ ಕೂಡ ವಿಮಾನಕ್ಕೆಂದೇ ಇರುವ ಎಎನ್ ಅಥವಾ ಎಂಎಸ್ ನಂಬರಿನದೇ ಇರಲಿ. ಹಾರ್ಡ್‌ವೇರ್ ಅಂಗಡಿಯ ಸ್ಕ್ರೂ ಹಾಕಿ, ಅದು ಕಳಚಿ ರನ್‌ವೇ ಮೇಲೆ ಬಿದ್ದರೆ ಮುಂದಿನ ವಿಮಾನದ ಪ್ರೊಪೆಲ್ಲರ್‌ಗೆ ಸಿಗುತ್ತದೆ.

'ಅಳತೆ ಸರಿಯಾಗಿ ಕೂರುತ್ತದೆ' ಅಂತ ಬರೆದಿದ್ದೀರಿ. ಯಾವ ಅಳತೆ? ಬಾಯಿಯ ಅಗಲ ತಾನೇ? ಕ್ಯಾಪಿನ ಆಳ ಅಳೆದಿರಾ?

ಹೀಗೇ ಒಬ್ಬರು 'ಸರಿಯಾಗಿ ಕೂತ' ಕ್ಯಾಪ್ ಹಾಕಿಸಿಕೊಂಡು ಬಂದಿದ್ದರು. ಚಕ್ರ ತಿರುಗಿಸಿದರೆ ಚರ್ ಚರ್ ಅಂತ ಸಣ್ಣ ಸದ್ದು. ಅವರ ಮೆಕ್ಯಾನಿಕ್ 'ಹೊಸದಲ್ವಾ ಸರ್, ಪಳಗಬೇಕು' ಅಂದಿದ್ದನಂತೆ. ಬಿಚ್ಚಿ ನೋಡಿದೆ. ಕ್ಯಾಪಿನ ಒಳಗೆ ಬಳೆಯಷ್ಟು ದುಂಡಗೆ ಫಳಫಳ ಹೊಳೆಯುವ ಗೀರು. ಚಕ್ರದ ಜೊತೆ ಕ್ಯಾಪ್ ತಿರುಗುತ್ತದೆ, ಆಕ್ಸಲ್ ಮತ್ತು ಅದರ ನಟ್ ತಿರುಗುವುದಿಲ್ಲ. ನಟ್ ಬಿಚ್ಚಿಕೊಳ್ಳದ ಹಾಗೆ ಹಾಕಿದ ಸ್ಪ್ಲಿಟ್ ಪಿನ್ನಿನ ಕಾಲು ಕ್ಯಾಪಿಗೆ ತಾಗಿ, ಪ್ರತಿ ಸುತ್ತಿಗೂ ಉಜ್ಜಿದೆ. ಪಿನ್ನಿನ ಒಂದು ಕಾಲು ಅರ್ಧ ಸವೆದಿತ್ತು. ಉಜ್ಜಿ ಉದುರಿದ ಲೋಹದ ಪುಡಿ ಗ್ರೀಸಿನಲ್ಲಿ ಮಿಣಮಿಣ ಅನ್ನುತ್ತಿತ್ತು. ಚಕ್ರ ಕಳಚದಂತೆ ಹಿಡಿದಿರುವುದು ಆ ಪಿನ್ ಸ್ವಾಮಿ. ಅದನ್ನೇ ತಿನ್ನುವ ಕ್ಯಾಪ್ ಎಷ್ಟು ಹೊಳೆದರೇನು?

ಇನ್ನು ಕ್ಯಾಪ್ ಇರುವುದು ಯಾಕೆ ಅಂತ. ಬೇರೆ ಊರಲ್ಲಿ ಕ್ಯಾಪ್ ಇಲ್ಲದೆ ನಾಲ್ಕು ದಿನ ಹಾರಿದರೆ ನಡೆದೀತು. ನಮ್ಮಲ್ಲಿ ನಡೆಯುವುದಿಲ್ಲ. ಸಂಡೂರು, ತೋರಣಗಲ್ಲು ಕಡೆಯ ಅದಿರು ಧೂಳು ನಿಮಗೆ ಗೊತ್ತೇ ಇದೆ. ಬೆಳಗ್ಗೆ ಬಿಳಿ ಅಂಗಿ, ಸಂಜೆಗೆ ಕಾವಿ. ಆ ಧೂಳು ಐರನ್ ಆಕ್ಸೈಡ್. ಒಡವೆಗೆ ಮೆರುಗು ಕೊಡಲು ಅಕ್ಕಸಾಲಿಗರು ಉಜ್ಜುವ ಕೆಂಪು ಪುಡಿಯೂ ಐರನ್ ಆಕ್ಸೈಡೇ. ಒಡವೆಗೆ ಅದು ಒಳ್ಳೆಯದು. ಬೇರಿಂಗಿನ ಗ್ರೀಸಿಗೆ ಬೆರೆತರೆ ರೋಲರುಗಳನ್ನು ದಿನವೂ ಸ್ವಲ್ಪ ಸ್ವಲ್ಪ ಅರೆಯುತ್ತದೆ. ಬೇರಿಂಗಿನ ಮುಂದೆ ಒಂದು ಫೆಲ್ಟ್ ರಿಂಗ್, ಅಂದರೆ ಕಂಬಳಿಯಂಥ ದಪ್ಪ ಬಟ್ಟೆಯ ಬಳೆ, ಇರುತ್ತದೆ, ಧೂಳನ್ನು ನಿಜವಾಗಿ ತಡೆಯುವುದು ಅದು. ಕ್ಯಾಪ್ ಆ ಫೆಲ್ಟಿಗೆ ಹಿಡಿದ ಕೊಡೆ ಇದ್ದ ಹಾಗೆ. ಫೆಲ್ಟ್ ಗಟ್ಟಿಯಾಗಿ ರೊಟ್ಟಿಯಂತಾಗಿದ್ದರೆ ಯಾವ ಕ್ಯಾಪ್ ಹಾಕಿದರೂ ಪ್ರಯೋಜನವಿಲ್ಲ.

ಧೂಳು ಸೇರಿದೆಯಾ ಅಂತ ಬಣ್ಣ ನೋಡಿ ಹೇಳಲು ಹೋಗಬೇಡಿ. ಮೊಬಿಲ್ 28 ಗ್ರೀಸ್ ಹುಟ್ಟಾ ಕೆಂಪು. ಏರೋಶೆಲ್ 22 ಹಾಕಿದ್ದರೆ ಜೇನಿನ ಬಣ್ಣ. ಎರಡು ಬೆರಳ ನಡುವೆ ತಿಕ್ಕಿ ನೋಡಿ. ಬೆಣ್ಣೆಯಂತೆ ಜಾರಿದರೆ ಸರಿ. ಮರಳು ಸಿಕ್ಕಂತೆ ಕರಕರ ಅಂದರೆ ಬೇರಿಂಗ್ ಹೊರಗೆ ತೆಗೆದು, ತೊಳೆದು, ಪರೀಕ್ಷಿಸಿ, ಹೊಸ ಗ್ರೀಸ್ ತುಂಬಬೇಕು. ಆ ಕೆಲಸ ಲೈಸೆನ್ಸ್ ಇರುವ ಎಂಜಿನಿಯರದು. ಲಾರಿಗೆ ಹಾಕುವ ಲಿಥಿಯಂ ಗ್ರೀಸ್ ಮೇಲಿಂದ ತುರುಕಬೇಡಿ. ನಾನು ಹೇಳಿದ ಎರಡೂ ಗ್ರೀಸುಗಳು ಜೇಡಿ ಬೆರೆಸಿ ಮಂದ ಮಾಡಿದವು, ಲಿಥಿಯಂ ಜೊತೆ ಕೂಡುವುದಿಲ್ಲ. ಬೆರೆತರೆ ತೆಳ್ಳಗಾಗಿ ಸೋರುತ್ತದೆ, ಸೋರಿ ಬ್ರೇಕಿಗೂ ಹೋಗಬಹುದು. ಕ್ಯಾಪಿನ ತುಂಬ ಗ್ರೀಸ್ ಮೆತ್ತುವವರೂ ಇದ್ದಾರೆ. ಆಗ ಬೇರಿಂಗಿಗೆ ಏನೂ ಲಾಭವಿಲ್ಲ, ಪಿನ್ ಮಾತ್ರ ಕಾಣದಂತೆ ಮುಚ್ಚಿಹೋಗುತ್ತದೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನಮ್ಮ ಕಡೆ ಕ್ಯಾಪನ್ನು ಜಾಸ್ತಿ ಸಲ ಬಿಚ್ಚಬೇಕಾಗುತ್ತದೆ. ನಿಮ್ಮ ಚಕ್ರಕ್ಕೆ ಸ್ಕ್ರೂ ಕ್ಯಾಪ್, ಸ್ನ್ಯಾಪ್ ರಿಂಗ್ (ಸ್ಪ್ರಿಂಗಿನಂತೆ ಬಿಗಿಯುವ ಬಳೆ) ಕ್ಯಾಪ್ ಎರಡೂ ಕ್ಯಾಟಲಾಗಿನಲ್ಲಿದ್ದರೆ ನಾನು ಕಣ್ಣು ಮುಚ್ಚಿ ಸ್ಕ್ರೂದನ್ನೇ ಹೇಳುತ್ತೇನೆ. ಸ್ನ್ಯಾಪ್ ರಿಂಗ್ ತೆಗೆಯುವಾಗ ಎಗರಿ ಎಲ್ಲಿಗೋ ಹೋಗುತ್ತದೆ. ಅದನ್ನು ಹುಡುಕುವ ಬೇಜಾರಿಗೇ ಜನ ಕ್ಯಾಪ್ ಬಿಚ್ಚುವುದನ್ನು ಬಿಟ್ಟುಬಿಡುತ್ತಾರೆ. ಸಾದಾ ಅಲ್ಯೂಮಿನಿಯಂ ಸಾಕು, ಕ್ರೋಮ್ ಬೇಡ. ಕ್ಯಾಪಿನ ಸುತ್ತ ಸಿಲಿಕೋನ್ ಬಳಿದು 'ಈಗ ಪ್ಯಾಕ್ ಆಯ್ತು ನೋಡ್ರಿ' ಅನ್ನುವ ಪಂಡಿತರಿದ್ದಾರಲ್ಲ, ಅವರನ್ನು ವಿಮಾನದ ಹತ್ತಿರ ಬಿಡಬೇಡಿ. ಒಳಗಿನ ತೇವ ಒಳಗೇ ಉಳಿದು ಬೇರಿಂಗ್ ತುಕ್ಕು ಹಿಡಿಯುತ್ತದೆ, ಮುಂದಿನ ಸಲ ಕ್ಯಾಪನ್ನು ಉಳಿ ಹಾಕಿ ಎಬ್ಬಿಸಬೇಕಾಗುತ್ತದೆ.

ನೆಗ್ಗಿದ್ದನ್ನು ತಟ್ಟಿ ಸರಿಮಾಡಿಸಬಹುದಾ ಅಂತ ನೀವು ಕೇಳಿಲ್ಲ, ಆದರೆ ಕೇಳುತ್ತೀರಿ. ಬೇಡ. ಎರಡೂ ಹೊಸದು ತರಿಸಿ.

ಪ್ರಶ್ನೆ: ನಮ್ಮದು ಎರೆ ಮಣ್ಣಿನ ಜಾಗ. ಮಳೆಗಾಲದಲ್ಲಿ ವೀಲ್ ಪ್ಯಾಂಟ್ (ಗಾಳಿ ಸೀಳಲು ಚಕ್ರಕ್ಕೆ ಹಾಕುವ ಹೊದಿಕೆ) ಬಿಚ್ಚಿಟ್ಟರೆ ವೇಗ ತುಂಬಾ ಕಡಿಮೆಯಾಗುತ್ತಾ? (ರಾಯಚೂರು)

ಬಿಚ್ಚಿಡಿ. ಎರೆ ಮಣ್ಣು ಅದರೊಳಗೆ ಮೆತ್ತಿ ಒಣಗಿದರೆ ಚಕ್ರವೇ ಹಿಡಿದುಕೊಳ್ಳುತ್ತದೆ. 1970ರ ದಶಕದ ಕೊನೆಯ 172ಗಳ ಕೈಪಿಡಿ ಪ್ರಕಾರ ಅದರಿಂದ ಸಿಗುವ ಲಾಭ ಸುಮಾರು 2 ನಾಟ್, ಅಂದರೆ ಗಂಟೆಗೆ ನಾಲ್ಕು ಕಿಲೋಮೀಟರೂ ಇಲ್ಲ. ತೆಗೆದದ್ದನ್ನು ಲಾಗ್ ಬುಕ್ಕಿನಲ್ಲಿ, ತೂಕದ ಪಟ್ಟಿಯಲ್ಲಿ ಬರೆಸಿ. ಪ್ಯಾಂಟ್ ತೆಗೆದ ಮೇಲೆ ಬೇರಿಂಗ್ ಬಯಲಿಗೆ ಬೀಳುತ್ತದೆ, ಆಗ ಕ್ಯಾಪ್ ಇರಲೇಬೇಕು.

ಪ್ರಶ್ನೆ: 3ಡಿ ಪ್ರಿಂಟರ್‌ನಲ್ಲಿ ಕ್ಯಾಪ್ ಮಾಡಿಕೊಳ್ಳಬಹುದಾ? (ಬಳ್ಳಾರಿ)

ಪಿಎಲ್‌ಎ, ಅಂದರೆ ಆ ಪ್ರಿಂಟರಿಗೆ ಸಾಮಾನ್ಯವಾಗಿ ಹಾಕುವ ಪ್ಲಾಸ್ಟಿಕ್, 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ನೀವಿರುವುದು ಬಳ್ಳಾರಿಯಲ್ಲಿ.

ಪ್ರಶ್ನೆ: ವಾಟರ್ ಸರ್ವಿಸ್ ಮಾಡಿಸುವಾಗ ಚಕ್ರಕ್ಕೆ ಜೋರಾಗಿ ನೀರು ಹೊಡೆಸಬಹುದಾ? (ಕೊಪ್ಪಳ)

ಇಲ್ಲ. ಬಕೆಟ್, ಬಟ್ಟೆ, ನಿಮ್ಮ ಕೈ.

ಪ್ರಶ್ನೆ: ಆಯುಧ ಪೂಜೆಗೆ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ, ತೊಂದರೆ ಇದೆಯಾ? (ಕೊಪ್ಪಳ)

ನಿಂಬೆಹಣ್ಣು ಇಡಿ, ಬೇಡ ಅನ್ನುವುದಿಲ್ಲ. ಹಬ್ ಕ್ಯಾಪಿಗೆ ಮಾತ್ರ ಕುಂಕುಮ ಹಚ್ಚಬೇಡಿ. ಹೋದ ವರ್ಷ ಒಂದು ಚಕ್ರದ ಮುಂದೆ ಮಂಡಿಯೂರಿ ಕೂತು, ಈ ಕೆಂಪು ಗ್ರೀಸಾ, ಅದಿರಾ ಅಂತ ಕಾಲು ಗಂಟೆ ತಿಕ್ಕಿದ್ದೇನೆ.