ನವಿಲು ಯಾಕೆ ಸತ್ತವು, ಡಾಕ್ಟ್ರೇ?

ಈ ತಿಂಗಳು ಬಂದ ಪತ್ರಗಳಲ್ಲಿ ದನದ ಕಾಯಿಲೆಗಿಂತ ವಿಷದ ಮಾತೇ ಜಾಸ್ತಿ ಇದೆ. ಅದಕ್ಕೇ ಕೆಚ್ಚಲು ಬಾವಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಬರೆದವರು ಬೇಸರ ಮಾಡಿಕೊಳ್ಳಬೇಡಿ.

ಹಿಂಗಾರಿ ಬಿತ್ತಿದ ಮೂರನೇ ದಿನ ನಮ್ಮ ಹೊಲದ ಬದುವಿನಲ್ಲಿ ನಾಲ್ಕು ನವಿಲು ಸತ್ತು ಬಿದ್ದಿದ್ದವು. ನಾವು ವಿಷ ಇಟ್ಟಿಲ್ಲ. ಬೀಜಕ್ಕೆ ಔಷಧ ಹಚ್ಚಿ ಬಿತ್ತಿದ್ದೇವೆ, ಅಷ್ಟೇ. ಅದರಿಂದ ಸಾಯುತ್ತವೆಯೇ? ಯಾರಿಗಾದರೂ ಹೇಳಬೇಕೇ, ಸುಮ್ನೆ ಹೂತುಬಿಡಬೇಕೇ?
– ಒಬ್ಬ ರೈತ, ಮಾನ್ವಿ ತಾಲ್ಲೂಕು

ಸಾಯುತ್ತವೆ. ಹೂಳಬೇಡಿ. ಬರಿಗೈಯಲ್ಲಿ ಮುಟ್ಟಲೂ ಬೇಡಿ. ನಾಯಿಗಳು ಎಳೆದುಕೊಂಡು ಹೋಗದಂತೆ ನೋಡಿಕೊಂಡು ಅರಣ್ಯ ಇಲಾಖೆಗೆ ತಿಳಿಸಿ. ನವಿಲು ವನ್ಯಜೀವಿ ಕಾಯ್ದೆಯಲ್ಲಿ ಅತಿ ಹೆಚ್ಚಿನ ರಕ್ಷಣೆ ಇರುವ ಮೊದಲನೇ ಪಟ್ಟಿಯಲ್ಲಿದೆ. ಅದಕ್ಕೇ ನಿಮಗೆ ಹೆದರಿಕೆ, ಅಲ್ವಾ? ನೀವೇ ಮುಂದಾಗಿ ಹೇಳಿ. ಗುಟ್ಟಾಗಿ ಹೂತಿದ್ದು ಆಮೇಲೆ ಬಯಲಾದರೆ ಬೇಕೆಂದೇ ಕೊಂದಂತೆ ಕಾಣುತ್ತದೆ. ಶವ ಕೊಯ್ದು, ಹಕ್ಕಿಯ ಕುತ್ತಿಗೆಯ ಕೆಳಗಿನ ಕಾಳಿನ ಚೀಲದಲ್ಲಿ ಏನಿದೆ ಅಂತ ಪ್ರಯೋಗಾಲಯಕ್ಕೆ ಕಳಿಸಿದರೆ ಉತ್ತರ ಸಿಗುತ್ತದೆ.

ಬೀಜಕ್ಕೆ ಹಚ್ಚಿದ್ದು ಔಷಧ ಅಂತ ಬರೆದಿದ್ದೀರಿ. ನಮ್ಮ ಕಡೆ ಹಚ್ಚಿದರೆ ಔಷಧ, ಹೊಡೆದರೆ ಎಣ್ಣಿ. ಕೆಂಪು ತ್ರಿಕೋನದ ಡಬ್ಬಿಯ ಮೇಲೆ ಮಾತ್ರ ತಲೆಬುರುಡೆಯ ಚಿತ್ರ ಹಾಕಿ ವಿಷ ಅಂತ ಅಚ್ಚು ಹಾಕಿರುತ್ತಾರೆ. ನಮ್ಮ ಬಾಯಲ್ಲಿ ಆ ಪದ ಬರುವುದೇ ಇಲ್ಲ.

ನೀವು ಹೆಸರು ಬರೆದಿಲ್ಲ. ಅದು ಆರ್ಗನೋಫಾಸ್ಫೇಟ್ ಅನ್ನುವ ಕೀಟನಾಶಕಗಳ ಗುಂಪಿನದಾದರೆ ಕೆಲಸ ಹೀಗೆ ನಡೆಯುತ್ತದೆ. ನರ ಒಂದು ಸುದ್ದಿ ಮುಟ್ಟಿಸಿದ ಮೇಲೆ ಆ ಸುದ್ದಿಯನ್ನು ಅಳಿಸುವ ಕಿಣ್ವ ಒಂದಿದೆ. ಹೆಸರು ಕೋಲಿನೆಸ್ಟರೇಸ್. ಈ ವಿಷ ಅದನ್ನು ಕಟ್ಟಿಹಾಕುತ್ತದೆ. ಸುದ್ದಿ ಅಳಿಯುವುದಿಲ್ಲ. ಮಾಂಸಖಂಡ ಅದುರುತ್ತಲೇ ಇರುತ್ತದೆ, ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಕಣ್ಣಪಾಪೆ ಸಾಸಿವೆ ಕಾಳಿನಷ್ಟಾಗುತ್ತದೆ, ಕೊನೆಗೆ ಉಸಿರು ಕಟ್ಟುತ್ತದೆ. ಹುಳದ ಮೈಯಲ್ಲೂ ಅದೇ ಕಿಣ್ವ. ನವಿಲಿನ ಮೈಯಲ್ಲೂ ಅದೇ. ನಿಮ್ಮ ಮೈಯಲ್ಲೂ ನನ್ನ ಮೈಯಲ್ಲೂ ಅದೇ. ಹುಳವನ್ನು ಮಾತ್ರ ಕೊಲ್ಲು ಅಂತ ಅದಕ್ಕೆ ಹೇಳಿಕೊಡಲು ಬರುವುದಿಲ್ಲ. ಅದರ ಮೇಲೆ, ಈ ವಿಷವನ್ನು ಒಡೆದುಹಾಕುವ ಶಕ್ತಿ ಹಕ್ಕಿಗಳಿಗೆ ನಮಗಿಂತ ತೀರಾ ಕಡಿಮೆ. 1995-96ರಲ್ಲಿ ಅರ್ಜೆಂಟೀನಾದ ರೈತರು ಮಿಡತೆಗೆಂದು ಇದೇ ಗುಂಪಿನ ಮೊನೊಕ್ರೊಟೊಫಾಸ್ ಹೊಡೆದರು. ಆ ಮಿಡತೆ ತಿನ್ನಲು ಉತ್ತರ ಅಮೆರಿಕದಿಂದ ಹಾರಿಬಂದಿದ್ದ ಸ್ವೇನ್ಸನ್ ಗಿಡುಗಗಳು ಸಾವಿರಾರು ಲೆಕ್ಕದಲ್ಲಿ ಸತ್ತುಬಿದ್ದವು. ಅದೇ ಮೊನೊಕ್ರೊಟೊಫಾಸ್ ನಮ್ಮ ಹತ್ತಿ ಹೊಲ, ಮೆಣಸಿನಕಾಯಿ ಹೊಲಗಳಲ್ಲಿ ಎಷ್ಟು ವರ್ಷ ಹರಿದಿದೆ ಅನ್ನುವುದು ನಿಮಗೇ ಗೊತ್ತು.

ಇನ್ನೊಂದು ಮಾತು. ಹರಳಿನ ರೂಪದ ಕೀಟನಾಶಕ ಹಕ್ಕಿಗೆ ಕಾಳಿನಂತೆಯೇ ಕಾಣುತ್ತದೆ, ಇಲ್ಲವೇ ಸಣ್ಣ ಕಲ್ಲಿನಂತೆ. ಹಕ್ಕಿಗೆ ಹಲ್ಲಿಲ್ಲ. ಕಾಳು ಅರೆಯಲು ಅದು ಸಣ್ಣ ಕಲ್ಲು ಹುಡುಕಿ ನುಂಗುತ್ತದೆ. ಫೋರೇಟ್ ಹರಳನ್ನು 2020ರ ಕೊನೆಗೆ ಸರ್ಕಾರ ಪೂರ್ತಿ ನಿಲ್ಲಿಸಿತು. ಅಟ್ಟದ ಮೇಲೆ ಹಳೆಯದು ಉಳಿದಿದ್ದರೆ ಮುಗಿಸಿಬಿಡೋಣ ಅಂತ ಹೊಲಕ್ಕೆ ಒಯ್ಯಬೇಡಿ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಮುಂದಿನ ಸಲ ಬಿತ್ತುವಾಗ ಹೊಲದ ಕೊನೆಯಲ್ಲಿ ಕೂರಿಗೆ ಎತ್ತಿ ತಿರುಗಿಸುವ ಜಾಗ ನೋಡಿ. ಬೀಜ ಚೆಲ್ಲುವುದು ಅಲ್ಲೇ. ನವಿಲು ಬರುವುದೂ ಅಲ್ಲಿಗೇ, ಬದುವಿನ ಪಕ್ಕಕ್ಕೆ. ಚೆಲ್ಲಿದ್ದನ್ನು ಆವತ್ತೇ ಬಳಿದು ಮಣ್ಣು ಮುಚ್ಚಿ. ಅರ್ಧ ಗಂಟೆಯ ಕೆಲಸ.

ನಮ್ಮದು ಕಾಲುವೆ ಕೆಳಗಿನ ಭತ್ತ. ಯಜಮಾನರು ಎಣ್ಣಿ ಹೊಡೆದು ಬಂದ ದಿನ ಅವರ ಬಟ್ಟೆ ಒಗೆದರೆ ನನಗೆ ತಲೆಶೂಲೆ, ವಾಕರಿಕೆ. ಅವರಿಗೆ ಏನೂ ಆಗುವುದಿಲ್ಲ. ಇದು ನನ್ನ ಭ್ರಮೆಯೇ?
– ಒಬ್ಬ ತಾಯಿ, ಸಿಂಧನೂರು ತಾಲ್ಲೂಕು

ಭ್ರಮೆ ಅಲ್ಲ, ತಾಯಿ. ವಿಷ ಬಾಯಿಂದಲೇ ಒಳಗೆ ಹೋಗಬೇಕು ಅಂತಿಲ್ಲ. ಚರ್ಮದಿಂದ ಹೋಗುತ್ತದೆ. ಒದ್ದೆ ಬಟ್ಟೆಯನ್ನು ಬರಿಗೈಯಲ್ಲಿ ಉಜ್ಜಿದರೆ ಇನ್ನೂ ಬೇಗ ಹೋಗುತ್ತದೆ. ಅವರಿಗೆ ಏನೂ ಆಗುತ್ತಿಲ್ಲ ಅನ್ನುವುದನ್ನೂ ನಂಬಬೇಡಿ. ಗಂಡಸರು ಹೇಳುವುದಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಹೊಡೆಯುವಾಗಲೇ ವಿಷವೇರಿ ರೈತರು, ಕೂಲಿಯವರು ಸಾಲುಸಾಲಾಗಿ ಸತ್ತರು. ಅವರು ಕುಡಿದವರಲ್ಲ, ಬೆನ್ನಿಗೆ ಪಂಪು ಕಟ್ಟಿ ದುಡಿದವರು.

ಆ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ನೆನೆಸಬೇಡಿ. ರಬ್ಬರ್ ಕೈಗವಸು ಹಾಕಿಕೊಂಡು, ಸೋಪಿನ ಪುಡಿ ಹಾಕಿ ಎರಡು ಸಲ ಒಗೆದು ಬಿಸಿಲಿಗೆ ಹಾಕಿ. ಬಕೆಟ್ಟೂ ಬೇರೆ ಇರಲಿ. ಕಾಲುವೆಯಲ್ಲಿ ಒಗೆಯಬೇಡಿ, ಆ ನೀರನ್ನು ಕಾಲುವೆಗೆ ಸುರಿಯಲೂಬೇಡಿ. ಕೆಳಗಿನ ಊರಿನವರು ಅದನ್ನೇ ಕುಡಿಯುತ್ತಾರೆ. ಬಟ್ಟೆ ಒಗೆಯುವ ಕೆಲಸವನ್ನು ಯಜಮಾನರೇ ಮಾಡಿದರೆ ಇನ್ನೂ ಒಳ್ಳೆಯದು. ಇದನ್ನು ನಾನು ಹೇಳಿದೆ ಅಂತಲೇ ಅವರಿಗೆ ಹೇಳಿ.

ಪತ್ರದ ಕೊನೆಗೆ, ಅಪ್ಪ ಬಂದ ಕೂಡಲೇ ಮಗಳು ಓಡಿಹೋಗಿ ಕಾಲು ತಬ್ಬಿಕೊಳ್ಳುತ್ತಾಳೆ ಅಂತ ಒಂದು ಸಾಲು ಬರೆದಿದ್ದೀರಿ. ನನಗೆ ಜಾಸ್ತಿ ಚಿಂತೆ ಆಗಿದ್ದು ಆ ಸಾಲಿಗೆ. ಭತ್ತದ ಗದ್ದೆಯಲ್ಲಿ ಎಣ್ಣಿ ಹೊಡೆದವನ ಮೈಯಲ್ಲಿ ವಿಷ ಜಾಸ್ತಿ ಹತ್ತಿರುವುದು ತೊಡೆಯಿಂದ ಕೆಳಗೆ. ಮಗುವಿನ ಮುಖ ಸರಿಯಾಗಿ ಅಲ್ಲಿಗೇ ಬರುತ್ತದೆ. ಅವರು ಹಿತ್ತಲಿನಲ್ಲಿ ಸ್ನಾನ ಮಾಡಿ, ಬಟ್ಟೆ ಬದಲಿಸಿಯೇ ಒಳಗೆ ಬರಲಿ.

ಖಾಲಿ ಕ್ಯಾನಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಇತ್ತು. ನಮ್ಮ ಮನೆಗಳಲ್ಲಿ ಇವತ್ತಿಗೂ ಆ ಕ್ಯಾನಿನಲ್ಲಿ ಸೀಮೆಎಣ್ಣೆ, ಕುಡಿಯುವ ನೀರು ಇಡುವುದನ್ನು ನೋಡಿದ್ದೇನೆ. ಮೂರು ಸಲ ತೊಳೆದು, ಆ ನೀರನ್ನು ಪಂಪಿಗೇ ಹಾಕಿ, ಕ್ಯಾನಿಗೆ ಮೊಳೆಯಿಂದ ತೂತು ಮಾಡಿಬಿಡಿ. ತೂತಾದ ಕ್ಯಾನನ್ನು ಯಾರೂ ನೀರಿಗೆ ಒಯ್ಯುವುದಿಲ್ಲ.

ಯಾರಿಗಾದರೂ ಜೊಲ್ಲು, ಕಣ್ಣು ಮಂಜು, ನಡುಕ ಶುರುವಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಹೆಸರು ಗೊತ್ತಾದರೆ ಡಾಕ್ಟರರಿಗೆ ಅರ್ಧ ದಾರಿ ಸವೆದಂತೆ. ಒಂದು ಸಲ, ಪಂಪು ತೊಳೆದ ಹೊಂಡದ ನೀರು ಕುಡಿದು ಕುರಿ ಹಿಂಡೊಂದು ಬಿದ್ದಿತ್ತು. ಯಾವ ವಿಷ ಅಂತ ಹೇಳಲು ಹೊಲದವನು ಅಂಜಿದ. ಅವನು ಬಾಯಿ ಬಿಡುವಷ್ಟರಲ್ಲಿ ನನ್ನ ಚೀಲದಲ್ಲಿ ಈ ವಿಷಕ್ಕೆ ಮದ್ದಾದ ಅಟ್ರೊಪಿನ್ ಇದ್ದೂ ಹದಿನಾಲ್ಕು ಕುರಿ ಹೋದವು.

ಎಮ್ಮೆಯ ಹಲ್ಲು ಕಂದುಬಣ್ಣಕ್ಕೆ ತಿರುಗಿ ಸವೆದಿವೆ, ಕುಂಟುತ್ತದೆ. ಕುಡಿಸುವುದು ಬೋರ್‌ವೆಲ್ ನೀರು. ಕಾಯಿಸಿ ಆರಿಸಿ ಕೊಡಲೇ?
– ಲಿಂಗಸುಗೂರಿನಿಂದ

ಹಲ್ಲು ಹೀಗಾಗಿ ಕುಂಟುವುದು ನೋಡಿದರೆ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಅನುಮಾನ. ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಆರ್ಸೆನಿಕ್ಕೂ ಹಾಗೆಯೇ. ಚಿನ್ನ ಇರುವ ಕಲ್ಲಿನಲ್ಲಿ ಆರ್ಸೆನಿಕ್ಕೂ ಇರುವುದು ಸಾಮಾನ್ಯ, ನಿಮ್ಮದು ಹಟ್ಟಿ ಚಿನ್ನದ ಗಣಿಯ ಸೀಮೆ. ಒಂದು ಲೀಟರಿನಲ್ಲಿ ಫ್ಲೋರೈಡ್ 1.5 ಮಿಲಿಗ್ರಾಂ ದಾಟಬಾರದು, ಆರ್ಸೆನಿಕ್ 0.01 ಮಿಲಿಗ್ರಾಂ ದಾಟಬಾರದು. ನೀರನ್ನು ಪರೀಕ್ಷೆ ಮಾಡಿಸಿ, ಎರಡನ್ನೂ ನೋಡಲು ಹೇಳಿ. ಅಲ್ಲಿಯವರೆಗೆ ಎಮ್ಮೆಗೂ ಮನೆಗೂ ಬೇರೆ ನೀರು ಹುಡುಕಿ. ಎಮ್ಮೆಯ ತುಟಿ ಎತ್ತಿ ನೋಡಿದಿರಲ್ಲ, ಹಾಗೆಯೇ ಮಕ್ಕಳ ಹಲ್ಲನ್ನೂ ಇವತ್ತೇ ನೋಡಿ.

ಆನೆಗೊಂದಿ ಹತ್ತಿರ ತೆಪ್ಪ ಹಾಕುವವರು ನಾವು. ನೀರುನಾಯಿ ಮೊದಲಿನಷ್ಟು ಕಾಣುತ್ತಿಲ್ಲ. ಅವು ನಮ್ಮ ಬಲೆ ಹರಿಯುತ್ತವೆ, ಹೋದರೆ ಹೋಗಲಿ ಅನ್ನುತ್ತಾನೆ ಅಣ್ಣ. ನೀವೇನಂತೀರಿ?
– ಒಬ್ಬ ಮೀನುಗಾರ, ಗಂಗಾವತಿ ತಾಲ್ಲೂಕು

ಬಲೆ ಹರಿದ ನೋವು ನಿಜ. ಆದರೆ ನೀರುನಾಯಿ ತಿನ್ನುವುದು ನೀವು ತಿನ್ನುವ ಮೀನನ್ನೇ. ಗದ್ದೆಯಿಂದ ಬಸಿದ ವಿಷ ಮೊದಲು ಪಾಚಿಗೆ, ಪಾಚಿಯಿಂದ ಸಣ್ಣ ಹುಳಕ್ಕೆ, ಹುಳದಿಂದ ಮರಿಮೀನಿಗೆ, ಅದರಿಂದ ದೊಡ್ಡ ಮೀನಿಗೆ ಏರುತ್ತದೆ. ಎಲ್ಲ ವಿಷವೂ ಹೀಗೆ ಏರುವುದಿಲ್ಲ. ಡಿಡಿಟಿಯಂಥವು, ಪಾದರಸದಂಥವು ಏರುತ್ತವೆ. ಅವು ಮೈಯಲ್ಲೇ ಕೂತುಬಿಡುತ್ತವೆ, ಪ್ರತಿ ಮೆಟ್ಟಿಲಿಗೂ ಜಾಸ್ತಿಯಾಗುತ್ತವೆ. ಕೊನೆಯ ಮೆಟ್ಟಿಲಲ್ಲಿ ನೀರುನಾಯಿ ಇದೆ. ಅದರ ಪಕ್ಕದಲ್ಲೇ ನಿಮ್ಮ ಮನೆಯ ಊಟದ ತಟ್ಟೆ.

ಇಂಗ್ಲೆಂಡಿನಲ್ಲಿ 1950ರ ದಶಕದ ಕೊನೆಯಿಂದ ನೀರುನಾಯಿಗಳು ಕಾಣೆಯಾಗತೊಡಗಿದವು. ಡೀಲ್ಡ್ರಿನ್‌ನಂಥ ಬೀಜಕ್ಕೆ ಹಚ್ಚುವ ವಿಷಗಳೇ ದೊಡ್ಡ ಕಾರಣ. ಅವನ್ನು ನಿಲ್ಲಿಸಿದ ಮೇಲೆ ಮೆಲ್ಲಗೆ ಮರಳಿದವು. 2011ರ ಹೊತ್ತಿಗೆ ಅಲ್ಲಿನ ಎಲ್ಲ ಕೌಂಟಿಗಳಲ್ಲೂ ಮತ್ತೆ ಕಂಡವು. ಐವತ್ತು ವರ್ಷ ಹಿಡಿಯಿತು, ಆದರೂ ಬಂದವು.

ನಿಮ್ಮ ಹೊಳೆಗೆ ಕಾನೂನಿನ ಕಾವಲಿದೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಮಾಡಿದ್ದಾರೆ. ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಹಿಡಿಯುವವರು ಕಂಡರೆ ದೂರು ಕೊಡಿ. ಅವರು ನಿಮ್ಮ ನಾಳೆಯ ಮೀನನ್ನೂ ಕೊಲ್ಲುತ್ತಿದ್ದಾರೆ. ಅಣ್ಣನಿಗೆ ಇಷ್ಟು ಹೇಳಿ: ನೀರುನಾಯಿ ಮರಿ ಹಾಕುತ್ತಿರುವ ಹೊಳೆಯ ಮೀನನ್ನು ನಾನು ನಂಬಿ ತಿನ್ನುತ್ತೇನೆ.

ನಮ್ಮ ಅಜ್ಜಿ ಊರ ಹೊರಗಿನ ಹಾಳುಬಾವಿ ಹತ್ತಿರ ರಣಹದ್ದುಗಳು ಬರುತ್ತಿದ್ದವು ಅನ್ನುತ್ತಾರೆ. ನಾನು ಒಂದನ್ನೂ ನೋಡಿಲ್ಲ. ಎಲ್ಲಿ ಹೋದವು?
– ಪದವಿ ವಿದ್ಯಾರ್ಥಿನಿ, ಕೊಪ್ಪಳ

ಸತ್ತವು ಮಗಳೇ. ಅದರಲ್ಲಿ ನನ್ನ ಕೈಯೂ ಇದೆ.

ದನಕ್ಕೆ ಜ್ವರ ಬಂದರೆ, ಕಾಲು ಬಾತರೆ ನಾವೆಲ್ಲ ಡೈಕ್ಲೊಫೆನಾಕ್ ಸೂಜಿ ಹಾಕುತ್ತಿದ್ದೆವು. ಅಗ್ಗ, ಬೇಗ ಗುಣ. ಸಂಜೆಗೆ ಎತ್ತು ಎದ್ದು ನಿಂತರೆ ರೈತ ಕೈ ಮುಗಿಯುತ್ತಿದ್ದ. ನಾನೂ ಖುಷಿಯಿಂದ ಮನೆಗೆ ಹೋಗುತ್ತಿದ್ದೆ. ಉಳಿಯದ ದನವನ್ನು ಊರ ಹೊರಗೆ ಎಳೆದು ಹಾಕುತ್ತಿದ್ದರು. ಅದರ ಮಾಂಸ ತಿಂದ ರಣಹದ್ದಿನ ಮೂತ್ರಪಿಂಡ ಕೆಲವೇ ದಿನಗಳಲ್ಲಿ ನಿಂತುಹೋಗುತ್ತಿತ್ತು. ಕೊಯ್ದು ನೋಡಿದರೆ ಒಳಗಿನ ಅಂಗಗಳ ಮೇಲೆಲ್ಲ ಸುಣ್ಣ ಬಳಿದಂತೆ ಯೂರಿಕ್ ಆಮ್ಲ. ಕಾರಣ ಈ ಸೂಜಿಯೇ ಅಂತ ಗೊತ್ತಾಗಿದ್ದು 2004ರಲ್ಲಿ, ಪಾಕಿಸ್ತಾನದಲ್ಲಿ ನಡೆದ ಅಧ್ಯಯನದಿಂದ. ಅಷ್ಟರಲ್ಲಿ ಇಡೀ ದೇಶದ ಆಕಾಶ ಖಾಲಿಯಾಗಿತ್ತು. ಬಿಳಿಬೆನ್ನಿನ ರಣಹದ್ದು 1992ರಿಂದ 2007ರ ಒಳಗೆ ನೂರಕ್ಕೆ 99ಕ್ಕಿಂತ ಹೆಚ್ಚು ನಾಶವಾಯಿತು.

ದನಕ್ಕೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಬಾಟಲಿಯನ್ನು ದನಕ್ಕೆ ಹಾಕುವುದು ನಿಲ್ಲಲಿಲ್ಲ. 2015ರಲ್ಲಿ ಆ ಬಾಟಲಿಯನ್ನೂ ನಿಲ್ಲಿಸಿದರು. 2023ರಲ್ಲಿ ಅಂಥದ್ದೇ ನೋವಿನ ಔಷಧಗಳಾದ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್ ಕೂಡ ದನಕ್ಕೆ ಕೊಡುವಂತಿಲ್ಲ ಅಂತಾಯಿತು. ರಣಹದ್ದಿಗೆ ತೊಂದರೆ ಮಾಡದ ಮೆಲೊಕ್ಸಿಕಾಮ್ ಸಿಗುತ್ತದೆ. ನಿಮ್ಮ ಮನೆಯಲ್ಲಿ ದನ ಇದ್ದರೆ ಡಾಕ್ಟರರನ್ನು ಹೆಸರು ಹೇಳಿಯೇ ಕೇಳಿ.

ಹದ್ದು ಹೋದ ಮೇಲೆ ಹೆಣ ಕೊಳೆಯತೊಡಗಿತು, ನಾಯಿ ಹೆಚ್ಚಾದವು, ನೀರು ಕೆಟ್ಟಿತು. ಇಬ್ಬರು ಅರ್ಥಶಾಸ್ತ್ರಜ್ಞರು 2024ರಲ್ಲಿ ಲೆಕ್ಕ ಹಾಕಿ ಹೇಳಿದರು: 2000ದಿಂದ 2005ರ ನಡುವೆ ದೇಶದಲ್ಲಿ ಸುಮಾರು ಐದು ಲಕ್ಷ ಜನ ಹೆಚ್ಚುವರಿಯಾಗಿ ಸತ್ತದ್ದಕ್ಕೂ ರಣಹದ್ದು ಇಲ್ಲದ್ದಕ್ಕೂ ಸಂಬಂಧವಿದೆ ಅಂತ. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಬದುಕಿಸಿದ ಎತ್ತುಗಳ ಲೆಕ್ಕ ನನ್ನ ಹತ್ತಿರ ಇತ್ತು. ಈ ಲೆಕ್ಕ ಇರಲಿಲ್ಲ.

ನಮ್ಮ ರಾಜ್ಯದಲ್ಲಿ ಅವು ಪೂರ್ತಿ ಹೋಗಿಲ್ಲ. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಮಾಡಿದ್ದಾರೆ. ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುವುದು ಕಡಿದಾದ ಬಂಡೆಯ ಸೀಳಿನಲ್ಲಿ. ಕೊಪ್ಪಳದ ಸುತ್ತ ಅಂಥ ಬಂಡೆಗೇನು ಕೊರತೆ? ಬೆಟ್ಟ ಹತ್ತುವಾಗ ಬಂಡೆಯ ಮುಖದಲ್ಲಿ ಹಕ್ಕಿಯ ಹಿಕ್ಕೆಯ ಬಿಳಿ ಗೆರೆ ಇಳಿದಿದ್ದು ಕಂಡರೆ ದೂರದಿಂದಲೇ ಒಂದು ಫೋಟೋ ತೆಗೆಯಿರಿ. ದಿನ, ಹೊತ್ತು, ಬೆಟ್ಟದ ಹೆಸರು ಬರೆದು ಅರಣ್ಯ ಇಲಾಖೆಗೆ ಕೊಡಿ. ನನಗೂ ಒಂದು ಪತ್ರ ಹಾಕಿ. ಮಂಡಿ ನೋವಿದೆ, ಆದರೂ ನೋಡಲು ಬರುತ್ತೇನೆ. ಅಜ್ಜಿಯನ್ನೂ ಕರೆದುಕೊಂಡು ಬನ್ನಿ.